ಹನ್ನೊಂದು ರಾತ್ರಿಯ ಸೂಪು

ರಾತ್ರಿ ಹನ್ನೊಂದೂವರೆಗೆ ಹಸಿದು ಬಂದವನಿಗೆ ಆ ಬಡಾವಣೆಯಲ್ಲಿ ಏನು ಸಿಗುತ್ತದೆ ಎಂದು ತಿಳಿಯಬೇಕಾದರೆ ನಾಲಿಗೆ ಮೇಷ್ಟ್ರನ್ನು ಕೇಳಬೇಕಿತ್ತು. ಕೇಳದಿದ್ದರೂ ಅವರು ಹೇಳುತ್ತಿದ್ದರು, ಆ ಮಾತು ಬೇರೆ.

ಇವರು ಶಾಲೆಯ ಮೇಷ್ಟ್ರಲ್ಲ. ಹೆದ್ದಾರಿಯ ಪಕ್ಕದ ಸೂಪು ಪುಡಿ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದವರು. ಪ್ರತಿ ಬ್ಯಾಚಿನಿಂದ ಒಂದಿಷ್ಟು ಪುಡಿ ತೆಗೆದು ಬಿಸಿನೀರಿನಲ್ಲಿ ಕದಡಿ, ಒಂದು ಚಮಚ ಬಾಯಿಗಿಟ್ಟು, ಎರಡು ಸುತ್ತು ಹೊರಳಿಸಿ, ತೊಟ್ಟಿಗೆ ಉಗಿದು, 'ಪಾಸು' ಅಥವಾ 'ತಿರಸ್ಕೃತ' ಎಂದು ಮೊಹರು ಒತ್ತುವುದು. ನುಂಗುವ ಹಾಗಿಲ್ಲ. ದಿನಕ್ಕೆ ನಲವತ್ತು ಚಮಚ ನುಂಗಿದರೆ ಹೊಟ್ಟೆ ತುಂಬಿ ನಾಲಿಗೆ ಮಂಕಾಗುತ್ತದೆ. ಇಪ್ಪತ್ತಾರು ವರ್ಷ ಹೀಗೆ ಉಗಿದು ಉಗಿದು, ಉಗಿಯುವುದೇ ಅವರ ಸ್ವಭಾವವಾಗಿಬಿಟ್ಟಿತ್ತು. ಮದುವೆ ಮನೆಗೆ ಹೋದರೆ ಎಲೆಯ ಮುಂದೆ ಕೂತು ಮೂಗು ಮುರಿಯುವರು. ನೆಂಟರ ಮನೆಯಲ್ಲಿ ಕಾಫಿ ಕೊಟ್ಟರೆ ಒಂದು ಗುಟುಕು ಕುಡಿದು ಲೋಟವನ್ನು ಅಷ್ಟು ದೂರ ತಳ್ಳುವರು. ಹೆಂಡತಿಯ ಅಡುಗೆಯನ್ನಂತೂ ಮೂವತ್ತು ವರ್ಷದಲ್ಲಿ ಒಂದು ದಿನ ಚೆನ್ನಾಗಿದೆ ಎಂದವರಲ್ಲ.

ಆ ಹೆಂಡತಿ, ಮಗಳಿಗೆ ಮಗು ಹುಟ್ಟಿತೆಂದು, ಮೂರು ತಿಂಗಳಿಗೆ ಮಗಳ ಮನೆಗೆ ಹೊರಟಳು.

"ಒಂದು ಮೊಟ್ಟೆ ಬೇಯ್ಸೋದಾದ್ರೂ ಹೇಳ್ಕೊಡ್ತೀನಿ, ಬನ್ನಿ ಇಲ್ಲಿ."

"ನಾನು ರುಚಿ ನೋಡೋನು ಕಣೇ. ಒಲೆ ಮುಂದೆ ನಿಲ್ಲೋನಲ್ಲ."

"ಸರಿ ಬಿಡಿ. ಊರೋರ ಕೈ ಅಡುಗೆ ತಿಂದು ನೋಡಿ. ಆಮೇಲೆ ನನ್ನ ನೆನಪಾಗತ್ತೆ," ಎಂದು ಚೀಲ ಎತ್ತಿಕೊಂಡಳು. ಅವಳ ಮುಖದಲ್ಲಿ ದುಃಖದ ಸುಳಿವೂ ಇರಲಿಲ್ಲ.

ಮೇಷ್ಟ್ರದು ಎರಡನೇ ಪಾಳಿ. ಮಧ್ಯಾಹ್ನ ಮೂರಕ್ಕೆ ಹೋದರೆ ರಾತ್ರಿ ಹನ್ನೊಂದಕ್ಕೆ ಬಿಡುಗಡೆ. ಕಂಪನಿಯ ವ್ಯಾನು ಬಡಾವಣೆಯ ತಿರುವಿನಲ್ಲಿ ಇಳಿಸಿ ಹೋಗುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿರುತ್ತಿತ್ತು. ಮೊದಲ ರಾತ್ರಿ 'ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ' ಎಂಬ ಬೋರ್ಡಿನ ಹೋಟೆಲಿಗೆ ಹೋದರು. ಬೋರ್ಡಿನ ದೀಪ ಉರಿಯುತ್ತಿತ್ತು, ಬಾಗಿಲಿಗೆ ಬೀಗ ಬಿದ್ದಿತ್ತು. ತೆರೆದಿದ್ದದ್ದು ಬೋರ್ಡು ಮಾತ್ರ. ಎರಡನೇ ರಾತ್ರಿ ಬೇಕರಿ. ಬೆಳಗಿನ ಬನ್ನನ್ನು ಮೆಷಿನ್ನಿನೊಳಗಿಟ್ಟು ಕೆಂಡದಂತೆ ಕಾಯಿಸಿ ಕೊಟ್ಟರು. ಮೇಲೆ ನಾಲಿಗೆ ಸುಡುವಷ್ಟು ಬಿಸಿ, ಒಳಗೆ ತಣ್ಣಗೆ, ಒಟ್ಟಾರೆ ರಬ್ಬರು. ದುಡ್ಡು ಕೊಟ್ಟು ಚಪ್ಪಲಿ ತಿಂದ ಹಾಗಾಯಿತು ಎಂದು ಮೇಷ್ಟ್ರು ಬೇಕರಿಯವನಿಗೇ ಹೇಳಿದರು. ಅವನು "ನಾಳೆ ಕ್ರೀಮ್ ಬನ್ ಬರತ್ತೆ ಸಾರ್" ಎಂದ.

ಇನ್ನು ಆ ಗಾಜಿನ ರೆಸ್ಟೋರೆಂಟು. ಗೋಡೆಯ ತುಂಬ ಪ್ಲಾಸ್ಟಿಕ್ ಬಳ್ಳಿ, ಸೀಲಿಂಗಿನಿಂದ ನೇತುಹಾಕಿದ ಬುಟ್ಟಿಗಳು, ಕಪ್ಪು ಏಪ್ರನ್ ಕಟ್ಟಿಕೊಂಡ ಮಾಣಿಗಳು. ಮೆನು ಓದಿ ಮುಗಿಸುವ ಹೊತ್ತಿಗೆ ಅರ್ಧ ರಾತ್ರಿ ಕಳೆಯುತ್ತಿತ್ತು, ಯಾಕೆಂದರೆ ಪ್ರತಿ ತಿಂಡಿಗೂ ನಾಲ್ಕು ಸಾಲಿನ ವರ್ಣನೆ. ನೂಡಲ್ಸ್ ಕೇಳಿದರೆ ದೊಡ್ಡ ತಟ್ಟೆಯ ನಡುವೆ ಹಕ್ಕಿಯ ಗೂಡಿನಷ್ಟು ನೂಡಲ್ಸು, ಅದರ ಮೇಲೊಂದು ಎಲೆ. ಸುತ್ತಮುತ್ತ ಕೂತವರು ಅದರ ಫೋಟೋ ತೆಗೆಯುತ್ತಿದ್ದರು. ತಿನ್ನುವವರು ಯಾರೂ ಕಾಣಲಿಲ್ಲ, ಅದರಲ್ಲಿ ಅವರ ತಪ್ಪೂ ಇರಲಿಲ್ಲ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಆ ಜಾಗಕ್ಕೆ ಎಲ್ಲರೂ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. 'ನಿಮಗೆಲ್ಲ ಬಾಯಲ್ಲಿ ಏನಿದೆ?' ಎಂದು ಮೇಷ್ಟ್ರು ಅಲ್ಲಿ ಬರೆದರು. ಬೆಳಿಗ್ಗೆಯೊಳಗೆ ಅವರನ್ನು ಗುಂಪಿನಿಂದ ಹೊರಗೆ ಹಾಕಿದ್ದರು.

ಹೊಟ್ಟೆ ಹೀಗೆ ಕುದಿಯುತ್ತಿದ್ದ ದಿನಗಳಲ್ಲೇ ಕಾರ್ಖಾನೆಯಲ್ಲಿ ನಲವತ್ತೇಳನೇ ಬ್ಯಾಚಿನ ಗಲಾಟೆ ಆದದ್ದು.

ಮೇಷ್ಟ್ರ ಕೈಕೆಳಗೆ ರುಚಿ ನೋಡುವ ಇನ್ನೊಬ್ಬಳಿದ್ದಳು. ಮೂವತ್ನಾಲ್ಕರ ಹೆಂಗಸು, ಕೆಲಸಕ್ಕೆ ಸೇರಿ ನಾಲ್ಕು ವರ್ಷ. ಅವಳ ಸಂಬಳದಲ್ಲೇ ಅವಳ ಮನೆ, ಅವಳ ತಾಯಿ, ಅವಳ ಮಗಳು ಎಲ್ಲ ನಡೆಯಬೇಕು. ಕಾರ್ಖಾನೆಯವರು ಮೇಷ್ಟ್ರನ್ನು ನಾಲಿಗೆ ಎಂದರೆ ಅವಳನ್ನು ಕಿರುನಾಲಿಗೆ ಎನ್ನುತ್ತಿದ್ದರು. ಕಾಣಿಸುವುದೂ ಇಲ್ಲ, ಮಾತಾಡುವುದೂ ಇಲ್ಲ. ಅಂಥವಳು ಆವತ್ತು ಮೇಷ್ಟ್ರು ಬರುವ ಮೊದಲೇ ನಲವತ್ತೇಳನೇ ಬ್ಯಾಚಿನ ರುಚಿ ನೋಡಿ, ಕಾರ್ಡಿನ ಮೇಲೆ 'ಪಾಸು. ಬಹಳ ಚೆನ್ನಾಗಿದೆ' ಎಂದು ಬರೆದಿಟ್ಟಿದ್ದಳು.

ಮೇಷ್ಟ್ರು ಮೊದಲು ಕಾರ್ಡು ಓದಿದರು. ಆಮೇಲೆ ಚಮಚ ಬಾಯಿಗಿಟ್ಟರು. ಇಟ್ಟ ಕ್ಷಣಕ್ಕೇ ಉಗಿದರು.

"ಇದನ್ನ ಚೆನ್ನಾಗಿದೆ ಅಂತ ಬರೆಯೋಕೆ ನಿನಗೆ ಕೈಯಾದ್ರೂ ಹೇಗೆ ಬಂತಮ್ಮ? ಮಣ್ಣು, ಮಣ್ಣು."

"ಇನ್ನೊಂದ್ಸಲ ನೋಡಿ ಸಾರ್. ಕೊನೇಲಿ ಒಂದು ಘಮ ಬರತ್ತೆ."

"ನನಗೆ ಹೇಳ್ಕೊಡೋ ಅಷ್ಟಾದ್ಯಾ?"

ಇಡೀ ಬ್ಯಾಚಿಗೆ 'ತಿರಸ್ಕೃತ' ಎಂದು ಮೊಹರು ಬಿತ್ತು. ಪುಡಿ ಕೆಟ್ಟಿರಲಿಲ್ಲ, ರುಚಿ ಸಾಲದು ಅಷ್ಟೆ. ಹಾಗೆ ತಳ್ಳಿದ ಮೂಟೆಗಳು ದನದ ಮೇವಿಗೆಂದು ಹಿಂದಿನ ಗೇಟಿನಿಂದ ಹೋಗುತ್ತಿದ್ದವು. ಗೇಟು ದಾಟಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಹೊಸ ಮ್ಯಾನೇಜರು ಬೇರೊಂದು ವಿಷಯಕ್ಕೆ ತಲೆ ಕೆಡಿಸಿಕೊಂಡ. ಒಂದೇ ಪುಡಿಗೆ ಇಬ್ಬರು ಎರಡು ಮಾತು ಹೇಳುತ್ತಾರೆಂದರೆ ಒಬ್ಬರು ಸುಮ್ಮನೆ ಸಂಬಳ ತಿನ್ನುತ್ತಿದ್ದಾರೆ ಎಂದೇ ಅವನ ತೀರ್ಮಾನ.

"ಒಬ್ಬರು ಸಾಕು ನನಗೆ. ಅವಳ ಬಗ್ಗೆ ಒಂದು ವರದಿ ಬರ್ದುಕೊಡಿ. ನೀವು ಹೇಳಿದ ಹಾಗೆ ಮಾಡ್ತೀನಿ," ಎಂದ. ಅದಕ್ಕೆ ಎರಡು ವಾರದ ಗಡುವು ಕೊಟ್ಟ. ಸಂಜೆಯೊಳಗೆ ಸುದ್ದಿ ಕಾರ್ಖಾನೆಗೆಲ್ಲ ಹಬ್ಬಿತ್ತು.

ಆ ಎರಡು ವಾರದಲ್ಲೇ ಮೇಷ್ಟ್ರ ಹೊಟ್ಟೆಯ ಪಾಡು ಬದಲಾಯಿತು. ಒಂದು ರಾತ್ರಿ ಪೆಟ್ರೋಲ್ ಬಂಕಿನ ಅಂಗಡಿಯಿಂದ ಒಣಗಿದ ಸ್ಯಾಂಡ್‌ವಿಚ್ ಹಿಡಿದು ಶಾಪ ಹಾಕುತ್ತ ಬರುತ್ತಿದ್ದವರನ್ನು ಅಪಾರ್ಟ್‌ಮೆಂಟಿನ ವಾಚ್‌ಮನ್ ತಡೆದ.

"ಅದನ್ನ ನಾಯಿಗೆ ಹಾಕಿ ಸಾರ್. ಬಸ್ ಡಿಪೋ ಹಿಂದೆ ದೊಡ್ಡಮ್ಮನ ಗಾಡಿ ಇರತ್ತೆ, ಹೋಗಿ."

ಗಾಡಿ ನೋಡಿದ ಕೂಡಲೇ ಮೇಷ್ಟ್ರಿಗೆ ವಾಪಸು ಹೋಗಬೇಕು ಅನ್ನಿಸಿತು. ತಗಡಿನ ಮಾಡು, ಒಂದು ಬಲ್ಬು, ಎರಡು ಬೆಂಚು, ಬೆಂಚಿನ ತುಂಬ ಡ್ರೈವರುಗಳು, ಕಂಡಕ್ಟರುಗಳು. ದೊಡ್ಡಮ್ಮ ಎಂದರೆ ಹೆಸರಿಗೆ ತಕ್ಕ ಗಾತ್ರದ ಹೆಂಗಸು. ದೊಡ್ಡ ಪಾತ್ರೆಯಲ್ಲಿ ಸೂಪು ಕುದಿಯುತ್ತಿತ್ತು, ಪಕ್ಕದ ಕಾವಲಿಯ ಮೇಲೆ ಬ್ರೆಡ್ಡು ಕಾಯುತ್ತಿತ್ತು. ಅದೆರಡು ಬಿಟ್ಟು ಅಲ್ಲಿ ಇನ್ನೇನೂ ಇರಲಿಲ್ಲ. ಮೇಷ್ಟ್ರು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು.

"ಮೂಸಿ ನೋಡೋಕೆ ಅದೇನು ಹೂವಾ? ಆರೋಗತ್ತೆ, ಕುಡೀರಿ," ಎಂದಳು ದೊಡ್ಡಮ್ಮ.

ಕುಡಿದರು. ಹಸಿವಿತ್ತು, ಚಳಿಯಿತ್ತು, ಸುತ್ತ ಉಗಿಯಲು ಜಾಗವಿರಲಿಲ್ಲ. ಗಂಟಲಿನಲ್ಲಿ ಇಳಿದ ಮೇಲೆ ನಿಧಾನವಾಗಿ ಒಂದು ಘಮ ಮೇಲೆದ್ದು ಬಂತು. ಮೇಷ್ಟ್ರು ಬಟ್ಟಲಿನ ತಳ ಕಾಣುವವರೆಗೆ ತಲೆ ಎತ್ತಲಿಲ್ಲ. ಇನ್ನೊಂದು ಬಟ್ಟಲು ಹಾಕಿಸಿಕೊಂಡರು. ಅವತ್ತು ಅವರಿಗೆ ಒಳ್ಳೆ ನಿದ್ದೆ ಬಂತು.

ಆಮೇಲೆ ದಿನವೂ ಅಲ್ಲೇ. ಮನುಷ್ಯ ಸ್ವಲ್ಪ ಮೆತ್ತಗಾಗಬಹುದಿತ್ತು, ಆದರೆ ಮೇಷ್ಟ್ರ ಜಂಬ ಇಮ್ಮಡಿಯಾಯಿತು. ಇಡೀ ಬಡಾವಣೆ ಗಾಜಿನ ಮನೆಯಲ್ಲಿ ಎಲೆ ಮೇಯುತ್ತಿರುವಾಗ ನಿಜವಾದ ರುಚಿಯನ್ನು ಹುಡುಕಿ ತೆಗೆದವರು ತಾವು ಎಂದು ವ್ಯಾನಿನಲ್ಲಿ, ಕ್ಯಾಂಟೀನಿನಲ್ಲಿ, ಫೋನಿನಲ್ಲಿ ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. "ಮೂವತ್ತು ವರ್ಷ ನೀನು ಮಾಡಿದ್ದನ್ನೂ ಸೂಪು ಅಂತಿದ್ವಿ," ಎಂದರು. ಆ ಕಡೆಯಿಂದ ಹೆಂಡತಿ ಫೋನನ್ನು ಅಳುತ್ತಿದ್ದ ಮಗುವಿನ ಬಾಯಿಯ ಹತ್ತಿರ ಹಿಡಿದಳು.

ಗಡುವಿನ ಹಿಂದಿನ ದಿನ ಸಂಜೆ ಮೇಷ್ಟ್ರು ವರದಿ ಬರೆದರು. ಹೆಚ್ಚು ಯೋಚಿಸಲಿಲ್ಲ. 'ಈಕೆಗೆ ನಾಲಿಗೆಯೇ ಇಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯದು. ಈ ಕೆಲಸಕ್ಕೆ ಅಯೋಗ್ಯಳು' ಎಂದು ಬರೆದು, ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ ಮ್ಯಾನೇಜರನ ಮೇಜಿನ ಮೇಲಿಟ್ಟರು. ಮ್ಯಾನೇಜರು ಬೆಳಿಗ್ಗೆ ಒಂಬತ್ತಕ್ಕೆ ಬಂದು ಓದುವವನಿದ್ದ.

ರಾತ್ರಿ ವ್ಯಾನಿನಲ್ಲಿ ಕಿರುನಾಲಿಗೆ ಎದುರು ಸೀಟಿನಲ್ಲೇ ಕೂತಿದ್ದಳು. ಅವಳ ಮನೆ ಡಿಪೋದಿಂದ ಎರಡು ಬೀದಿ ಆಚೆ. ದಿನವೂ ವ್ಯಾನಿನಿಂದ ಇಳಿದವಳು ಮಗಳು ಎದ್ದಿದ್ದಾಳೋ ಏನೋ ಎಂದು ಓಡಿಯೇ ಹೋಗುತ್ತಿದ್ದಳು. ಆವತ್ತು ಮೇಷ್ಟ್ರಿಗೆ ಏನನ್ನಿಸಿತೋ. ಕರುಣೆ ಎಂದು ಅವರು ಹೇಳಿಕೊಂಡಾರು, ಆದರೆ ಅದು ಕರುಣೆ ಅಲ್ಲ. ಗೆದ್ದವನಿಗೆ ಸೋತವರ ಮುಂದೆ ಇನ್ನೊಂದು ಸಲ ಗೆಲ್ಲುವ ಚಪಲ.

"ಬಾರಮ್ಮ, ಹತ್ತು ನಿಮಿಷ. ರುಚಿ ಅಂದ್ರೆ ಏನು ಅಂತ ತೋರಿಸ್ತೀನಿ. ಮುಂದೆ ಎಲ್ಲಿದ್ರೂ ನಿನಗೆ ಉಪಯೋಗಕ್ಕೆ ಬರತ್ತೆ."

'ಮುಂದೆ ಎಲ್ಲಿದ್ರೂ' ಎಂದಾಗ ಅವಳು ಒಮ್ಮೆ ತಲೆ ಎತ್ತಿ ನೋಡಿದಳು. ಆಮೇಲೆ ಹಿಂದೆ ಬಂದಳು.

ದೊಡ್ಡಮ್ಮನ ಗಾಡಿಯಲ್ಲಿ ಮೇಷ್ಟ್ರಿಗೆ ಅದು ಹನ್ನೊಂದನೇ ರಾತ್ರಿ. ಡ್ರೈವರುಗಳು ಸರಿದು ಜಾಗ ಮಾಡಿಕೊಟ್ಟರು. ಮೇಷ್ಟ್ರು ತಾವೇ ಬಟ್ಟಲು ತಂದು ಅವಳ ಮುಂದಿಟ್ಟು ಪಾಠ ಶುರುಮಾಡಿದರು. "ಅವಸರ ಮಾಡ್ಬೇಡ. ಮೊದಲು ನಾಲಿಗೆ ತುದಿ. ಆಮೇಲೆ..."

ಅವಳು ಒಂದು ಚಮಚ ಕುಡಿದಳು. ಚಮಚವನ್ನು ಬಟ್ಟಲಿನ ಪಕ್ಕ ಇಟ್ಟಳು.

"ಸಾರ್, ಇದು ನಮ್ಮದೇ."

"ಏನು ನಮ್ಮದು?"

"ನಲವತ್ತೇಳನೇ ಬ್ಯಾಚು. ನೀವು ತೆಗೆದು ಹಾಕಿದ್ರಲ್ಲ, ಅದು."

ಮೇಷ್ಟ್ರು ಜೋರಾಗಿ ನಕ್ಕರು. ಪಕ್ಕದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. "ನೋಡಿ ದೊಡ್ಡಮ್ಮ, ನಿಮ್ಮ ಸೂಪನ್ನ ಇವಳು ಪುಡಿ ಅಂತಾಳೆ! ಅದೂ ನಾನು ಬಿಸಾಕಿದ ಪುಡಿ!"

ದೊಡ್ಡಮ್ಮ ಬ್ರೆಡ್ಡು ಮಗುಚುತ್ತ, "ಪುಡೀನೇ ಮತ್ತೆ. ಈ ರಾತ್ರೀಲಿ ತರಕಾರಿ ಹೆಚ್ಚಿಕೊಂಡು ಕೂರ್ತಾರಾ? ನೀರು, ಬೆಂಕಿ ಬಿಟ್ರೆ ನಂದೇನೂ ಇಲ್ಲ," ಎಂದು ಗಾಡಿಯ ಕೆಳಗಿನ ಮೂಟೆಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. "ಮೇವಿನ ಲಾರಿಯವನು ಕೊಡ್ತಾನೆ. ಯಾವನೋ ತಿಕ್ಕಲು ಇದನ್ನ ಬೇಡ ಅಂದನಂತೆ. ಅವನ ಹೊಟ್ಟೆ ತಣ್ಣಗಿರ್ಲಿ."

ಮೂಟೆಯ ಮೇಲೆ ಕೆಂಪು ಮೊಹರು. ತಿರಸ್ಕೃತ. ನಲವತ್ತೇಳು. ಅದರ ಕೆಳಗೆ, ಕೊನೆಯಲ್ಲಿ ಬಾಲ ಎಳೆದ ಮೇಷ್ಟ್ರ ಸಹಿ.

ನಗು ಎಲ್ಲಿ ಹೋಯಿತೋ. ಮೇಷ್ಟ್ರು ಮೂಟೆಯನ್ನೇ ನೋಡುತ್ತ ಕೂತರು. ಆವತ್ತು ಕಾರ್ಡು ಓದದೆ ಚಮಚ ಬಾಯಿಗಿಟ್ಟಿದ್ದರೆ ಏನನ್ನಿಸುತ್ತಿತ್ತು ಎಂದು ಯೋಚಿಸಲು ನೋಡಿದರು. ಯೋಚಿಸಬೇಕಾಗಿಯೇ ಇರಲಿಲ್ಲ. ಆವತ್ತು ಅವರು ಉಗಿದದ್ದು ಪುಡಿಯನ್ನಲ್ಲ, ಅವಳನ್ನು.

"ಸಾರ್," ಎಂದಳು ಅವಳು, ದನಿ ಎತ್ತದೆ. "ನನ್ನ ಬಗ್ಗೆ ಏನು ಬರೆದ್ರಿ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

"ನಾಲಿಗೆಯೇ ಇಲ್ಲ ಅಂತ ಬರೆದೆ."

ಅವಳು ಅಳಲಿಲ್ಲ. ಬಟ್ಟಲು ಎತ್ತಿಕೊಂಡು ಸೂಪನ್ನು ಕೊನೆಯ ಹನಿಯವರೆಗೆ ಕುಡಿದು ಮುಗಿಸಿದಳು. ಆಮೇಲೆ ಎದ್ದು, "ನಾಲ್ಕು ವರ್ಷ ನಿಮ್ಮ ಪಕ್ಕದಲ್ಲೇ ನಿಂತಿದ್ದೆ ಸಾರ್. ನಿನಗೇನನ್ಸತ್ತೆ ಅಂತ ಒಂದಿನ ಕೇಳಿದ್ರಾ?" ಎಂದಳು. ಉತ್ತರಕ್ಕೆ ಕಾಯದೆ ಮನೆಯ ಕಡೆ ನಡೆದಳು. ಆವತ್ತು ಓಡಲಿಲ್ಲ.

ಮರುದಿನ ಬೆಳಿಗ್ಗೆ, ತಮ್ಮದಲ್ಲದ ಪಾಳಿಗೆ, ಮೇಷ್ಟ್ರು ಮ್ಯಾನೇಜರನ ಕೋಣೆಯ ಮುಂದೆ ನಿಂತಿದ್ದರು. ರಾತ್ರಿಯಿಡೀ ನಿದ್ದೆಯಿಲ್ಲ. ದಾರಿಯಲ್ಲಿ ನೂರು ಉಪಾಯ ಹೊಳೆದಿದ್ದವು. ವರದಿ ಇರಲಿ, ಅವಳನ್ನು ಪ್ಯಾಕಿಂಗಿಗೆ ಹಾಕಿಸಿದರಾಯಿತು. ಬ್ಯಾಚು ಪರವಾಗಿಲ್ಲ, ನೀರಿನ ಹದ ತಪ್ಪಿತ್ತು ಎಂದರಾಯಿತು. ಒಂದೊಂದನ್ನೂ ಎತ್ತಿ ನೋಡಿದರೆ ಒಂದೊಂದೂ ಹಳಸಿತ್ತು.

ಮ್ಯಾನೇಜರು ಬಂದ. ಮೇಷ್ಟ್ರು ಲಕೋಟೆಯ ಪಕ್ಕ ಇನ್ನೊಂದು ಹಾಳೆ ಇಟ್ಟರು. ಅವನು ಎರಡನ್ನೂ ಓದಿ ಕನ್ನಡಕ ತೆಗೆದ.

"ಏನ್ರೀ ಇದು? ನಿನ್ನೆ ಅವಳಿಗೆ ನಾಲಿಗೆ ಇಲ್ಲ ಅಂತೀರಿ. ಇವತ್ತು ಅವಳು ಹೇಳಿದ್ದೇ ಸರಿ ಅಂತೀರಿ."

ಮೇಷ್ಟ್ರು ನಡೆದದ್ದನ್ನು ನಡೆದ ಹಾಗೇ ಹೇಳಿದರು. ಎಲ್ಲಿ ಕುಡಿದದ್ದು ಎಂದು ಮಾತ್ರ ಬಾಯಿ ಬಿಡಲಿಲ್ಲ.

"ಹನ್ನೊಂದು ರಾತ್ರಿ ಕುಡಿದ್ರಿ," ಎಂದ ಮ್ಯಾನೇಜರು. ತುಟಿಯ ಒಂದು ಮೂಲೆ ಮೇಲೆದ್ದಿತ್ತು. ಹುಳ ಬಿದ್ದ ತಟ್ಟೆಯನ್ನು ನೋಡುವ ನೋಟ ಅದು. ಆ ನೋಟವನ್ನು ಮೇಷ್ಟ್ರು ಊರಿನವರಿಗೆಲ್ಲ ಹಂಚಿದ್ದರು, ತಾವು ಯಾರಿಂದಲೂ ಇಸಿದುಕೊಂಡಿರಲಿಲ್ಲ. "ಹನ್ನೊಂದು ರಾತ್ರಿ ಕುಡಿದೂ, ನಿಮ್ಮದೇ ಪುಡಿ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ಇಲ್ಲ ಸಾರ್, ಗೊತ್ತಾಗ್ಲಿಲ್ಲ," ಎಂದರು ಮೇಷ್ಟ್ರು. "ಅವಳಿಗೆ ಒಂದೇ ಚಮಚಕ್ಕೆ ಗೊತ್ತಾಯ್ತು. ಒಬ್ಬರು ಸಾಕು ಅಂದಿದ್ರಲ್ಲ, ಅವಳನ್ನೇ ಇಟ್ಕೊಳ್ಳಿ."