ಇತಿಹಾಸ ವಿಭಾಗದ ಶಿಕ್ಕಾ

ನಾನು ಒಂದು ಶಿಕ್ಕಾ. ಮೊಹರು ಅನ್ನಿ, ಸೀಲು ಅನ್ನಿ, ನನಗೇನೂ ಬೇಜಾರಿಲ್ಲ. ನನ್ನ ಸಿಟ್ಟೆಲ್ಲ ಬೇರೆ ಕಡೆ ಇದೆ. ಸಿಟ್ಟು ಬಂದವರು ಬೈಯುತ್ತಾರೆ, ಪಾತ್ರೆ ಕುಕ್ಕುತ್ತಾರೆ. ನನಗೆ ಆ ಭಾಗ್ಯವೂ ಇಲ್ಲ. ಯಾರಾದರೂ ಹಿಡಿದು ಒತ್ತಿದರೆ ಅವರಿಗೆ ಬೇಕಾದ ಮಾತನ್ನೇ ನಾನು ಆಡಬೇಕು. ಇವತ್ತು ಮಾತ್ರ ನನ್ನ ಮಾತು ಆಡುತ್ತೇನೆ, ಕೇಳಿ.

ಕೋರ್ಟಿನ ಮುಂದಿನ ಸಣ್ಣ ಅಂಗಡಿಯಲ್ಲಿ ದಸ್ತಗೀರಸಾಬರು ನನ್ನನ್ನು ಮಾಡಿದರು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಅಚ್ಚು ತೆಗೆದು, ಕಾವು ಕೊಟ್ಟು ರಬ್ಬರಿಗೆ ಅಕ್ಷರ ಮೂಡಿಸಿದರು. ಸಾಗವಾನಿ ಹಿಡಿಕೆಗೆ ಅಂಟಿಸಿ, ಹಳೆಯ ಪೇಪರಿನ ಮೇಲೆ ಒತ್ತಿ ನೋಡಿದರು. 'ಮುಖ್ಯಸ್ಥರು, ಸ್ನಾತಕೋತ್ತರ ಇತಿಹಾಸ ವಿಭಾಗ' ಎಂದು ನೆಟ್ಟಗೆ ಮೂಡಿತು. ನನ್ನ ಮೈಮೇಲೆ ಅಕ್ಷರ ತಿರುಗಿ ಕೂತಿವೆ, ನೆಟ್ಟಗಾಗಬೇಕಾದರೆ ಕಾಗದಕ್ಕೆ ಬೀಳಬೇಕು. ಆಗ ನನಗೆ ಬಹಳ ಹೆಮ್ಮೆ.

ನನ್ನನ್ನು ಮೊದಲು ಹಿಡಿದ ಕೈ ಪ್ರೊ. ಸಂಕನಗೌಡರದು. ನನಗೆ ಮನುಷ್ಯರ ಗುರುತು ಮುಖದಿಂದಲ್ಲ, ಅಂಗೈಯಿಂದ. ಅವರ ಅಂಗೈ ಯಾವಾಗಲೂ ಬೆಚ್ಚಗಿರುತ್ತಿತ್ತು. ಎಲ್ಲಿಂದಲೋ ಒಂದು ವಿದ್ಯಾರ್ಥಿವೇತನದ ಪ್ರಕಟಣೆ ಬಂತೆಂದರೆ ಸಾಕು, ಗೌಡರು ವರಾಂಡಕ್ಕೆ ಹೋಗಿ ಕೂಗಿ ಹೇಳುವರು. ಎಂಜಿನಿಯರ್ ಆಗುವವರಿಗೆ ಊರೆಲ್ಲ ದಾರಿ ತೋರಿಸುತ್ತದೆ, ಇತಿಹಾಸ ಓದುವವರಿಗೆ ನಾವೇ ತೋರಿಸಬೇಕು ಅನ್ನುವರು. ನನ್ನನ್ನು ಜುಬ್ಬಾದ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುವರು. ಕ್ಯಾಂಟೀನಿನ ಕಟ್ಟೆ, ಹಾಸ್ಟೆಲ್ಲಿನ ಗೇಟು, ಬಸ್ಸಿನ ಸೀಟು, ಎಲ್ಲಿ ಅರ್ಜಿ ಚಾಚಿದರೂ ಅಲ್ಲೇ ಸಹಿ, ಅಲ್ಲೇ ನಾನು. ಜುಬ್ಬಾದ ಜೇಬೆಲ್ಲ ಶಾಯಿಯಾಗಿ ಅವರ ಮನೆಯವರು ಗೊಣಗುತ್ತಿದ್ದರಂತೆ.

ವಿಭಾಗದ ಮುಖ್ಯಸ್ಥರ ಕುರ್ಚಿ ಸರದಿಯ ಮೇಲೆ ತಿರುಗುತ್ತದೆ. ಗೌಡರ ಸರದಿ ಮುಗಿಯಿತು, ಪ್ರೊ. ಬಳೂರಗಿ ಬಂದರು. ಅವರು ಬಂದ ದಿನವೇ ಮೇಜಿನ ಖಾನೆಗೆ ಹೊಸ ಬೀಗ ಬಂತು. ನಾನು ಒಳಗೆ, ಬೀಗದ ಕೈ ಸಾಹೇಬರ ಉಡದಾರದಲ್ಲಿ. ನಗಬೇಡಿ, ನಿಜವಾಗಿಯೂ ಉಡದಾರದಲ್ಲಿ. ಶಿಕ್ಕಾ ಬೇಕೆಂದವರ ಎದುರಿಗೆ ಅಂಗಿ ಎತ್ತಿ, ಸೊಂಟ ತಡವಿ, ಬೀಗದ ಕೈ ಬಿಚ್ಚುವುದರಲ್ಲಿ ಅವರಿಗೆ ಅದೇನು ಸುಖವಿತ್ತೋ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ಇವರೇ.

ಪ್ರಕಟಣೆಗಳು ಆಗಲೂ ಬರುತ್ತಿದ್ದವು. ಬಂದವೆಲ್ಲ ಖಾನೆಗೆ ಬಂದು ನನ್ನ ಮೇಲೆ ಬೀಳುತ್ತಿದ್ದವು. ಕಲೆ, ಸಾಹಿತ್ಯ, ಇತಿಹಾಸ ಓದುವವರಿಗೆಂದೇ ಯಾರೋ ಪುಣ್ಯಾತ್ಮರು ಇಟ್ಟ ವಿದ್ಯಾರ್ಥಿವೇತನಗಳು. ಅವುಗಳ ಕೊನೆಯ ದಿನಾಂಕ ಆ ಕತ್ತಲಲ್ಲೇ ದಾಟಿ ಹೋಗುತ್ತಿತ್ತು. ವಿಭಾಗದ ಹೊರಗಿನ ಫಲಕದ ಮೇಲೆ ಮಾತ್ರ ಸಾಹೇಬರ ಸನ್ಮಾನದ ಫೋಟೊಗಳು.

ಹುಲಿಗೆಮ್ಮ ಬಂದದ್ದು ಆಗ. ಕುಷ್ಟಗಿ ಕಡೆಯ ಹುಡುಗಿ, ಎಂ.ಎ. ಕೊನೆಯ ವರ್ಷ. ಅವಳ ಅವ್ವ ಗ್ರಾನೈಟ್ ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಳು. ಅವರ ಊರ ಕೆರೆಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಕಲ್ಲುಗಳ ಮೇಲೆ ಹಳೆಯ ಅಕ್ಷರಗಳಿವೆಯಂತೆ. ಸಬಕಾರದ ನೊರೆ ತೊಳೆದು ಆ ಅಕ್ಷರ ಓದಿದವಳು ಇವಳು. ಅಂಥ ಕಲ್ಲು ಸುತ್ತಲಿನ ಊರುಗಳಲ್ಲೂ ಬಿದ್ದಿವೆ, ಅವನ್ನೆಲ್ಲ ಓದಿ ಪಿಎಚ್.ಡಿ. ಮಾಡಬೇಕೆಂಬುದು ಅವಳ ಆಸೆ. ದಿಲ್ಲಿಯ ಒಂದು ಸಂಸ್ಥೆ ಇಂಥ ಓದಿಗೇ ವೇತನ ಕೊಡುತ್ತದೆಂದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ತಾನೇ ಹುಡುಕಿ ತೆಗೆದಿದ್ದಳು. ಅದರದೇ ಪ್ರಕಟಣೆ ಖಾನೆಯಲ್ಲಿ ನನ್ನ ಬೆನ್ನ ಮೇಲೆ ಇತ್ತು, ನನ್ನ ಹೊಟ್ಟೆ ಉರಿಯದೆ ಇನ್ನೇನು! ವೇತನ ಬಂದರೆ ಓದು, ಇಲ್ಲದಿದ್ದರೆ ತನ್ನ ಜೊತೆ ಫ್ಯಾಕ್ಟರಿಗೆ ಬಾ ಎಂದು ಅವ್ವ ಹೇಳಿಯಾಗಿತ್ತು. ಅವ್ವನದು ತಪ್ಪಲ್ಲ. ಕಲ್ಲಿನ ಧೂಳು ಕುಡಿದು ಅವಳಿಗೆ ಕೆಮ್ಮು ಹತ್ತಿತ್ತು.

ಅರ್ಜಿಯ ಕೊನೆಯ ಪುಟ ಶಿಫಾರಸಿನದು. ಹುಲಿಗೆಮ್ಮ ಅದನ್ನು ಹಿಡಿದು ಬಳೂರಗಿಯವರ ಮುಂದೆ ನಿಂತಳು. ಸಾಹೇಬರು ನೋಡಲೂ ಇಲ್ಲ. ಇತಿಹಾಸಕ್ಕೆ ವೇತನ ತಗೊಂಡು ಏನು ಕಡಿದು ಗುಡ್ಡೆ ಹಾಕುತ್ತೀ, ಸುಮ್ಮನೆ ಬಿ.ಎಡ್. ಮಾಡು ಅಂದರು. ಅವಳು ಕದಲಲಿಲ್ಲ. ಹಾಗಾದರೆ ನಾಳೆ ಬಾ ಅಂದರು.

ಆ ನಾಳೆಗಳನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸಾಹೇಬರಿಗೆ ಅರವತ್ತು ತುಂಬುತ್ತಿತ್ತು, ಅಭಿನಂದನ ಗ್ರಂಥ ಸಿದ್ಧವಾಗುತ್ತಿತ್ತು. ತಮ್ಮ ಅಭಿನಂದನೆಗೆ ತಾವೇ ಮುಂದಾಳು! ಶಿಕ್ಕಾ ಬೇಕಾದವರೆಲ್ಲ ಅದಕ್ಕೆ ದುಡಿಯಬೇಕು. ಹುಲಿಗೆಮ್ಮನಿಗೆ ಕರಡು ತಿದ್ದುವ ಕೆಲಸ ಬಿತ್ತು. ಜೊತೆಗೆ 'ನಾನು ಕಂಡ ಗುರುಗಳು' ಎಂಬ ಲೇಖನ. ಅವಳು ಬರೆದು ತಂದಳು. ಸಾಹೇಬರು ಓದಿ, ಭಕ್ತಿ ಸಾಲದು ಅಂದರು. ಇನ್ನೊಮ್ಮೆ ಬರೆದಳು, ಆಗಲೂ ಭಕ್ತಿ ಸಾಲಲಿಲ್ಲ. ಅಲ್ಲ ಸ್ವಾಮಿ, ತರಗತಿಗೆ ಕಾಲಿಡದ ಮನುಷ್ಯನ ಮೇಲೆ ಆ ಹುಡುಗಿ ಭಕ್ತಿ ಎಲ್ಲಿಂದ ತರಬೇಕು? ಸಂತೆಯಲ್ಲಿ ಮಾರುತ್ತಾರೆಯೇ?

ಕೊನೆಗೆ ಅವಳಿಗೂ ರೇಗಿತು. ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟಳು. ಶಾಸನ ಓದುವುದನ್ನು ತನಗೆ ಕಲಿಸಿದವರು ಮೆಹರುನ್ನೀಸಾ ಮೇಡಂ, ಅವರಿಗೆ ಕೆಲಸ ಕೊಟ್ಟ ವಿಭಾಗಕ್ಕೆ ವಂದನೆ ಎಂದು. ಮೆಹರುನ್ನೀಸಾ ಅಂದರೆ ನಮ್ಮಲ್ಲಿನ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಕೂರಲು ಒಂದು ಕುರ್ಚಿಯೂ ಇಲ್ಲ. ಅರ್ಧ ವರ್ಷಕ್ಕೊಮ್ಮೆ ಸಾಹೇಬರು ಹೂಂ ಅಂದರೆ ಕೆಲಸ, ಇಲ್ಲವಾದರೆ ಮನೆ. ಲೇಖನ ಓದಿದ ಸಾಹೇಬರು ಅದನ್ನು ಮಡಚಿ ಖಾನೆಗೆ ಎಸೆದು, ನಾಳೆ ಬಾ ಅಂದರು.

ಹೀಗೇ ಅರ್ಜಿಯ ಕೊನೆಯ ದಿನ ಬಂತು. ಅದೇ ದಿನ ಅಭಿನಂದನೆ. ಸಭಾಭವನದ ತುಂಬ ಜನ. ಬೆಳಿಗ್ಗೆ ವಿಚಾರ ಸಂಕಿರಣವೆಂದು ಒಂದು ಶಾಸ್ತ್ರ, ಆಮೇಲೆ ಹಾರ, ಪೇಟ, ಹಣ್ಣಿನ ಬುಟ್ಟಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬಾಗಿಲ ಬಳಿ ಒಂದು ಮೇಜು ಹಾಕಿ ಮೆಹರುನ್ನೀಸಾ ಅವರನ್ನು ಕೂರಿಸಿದ್ದರು. ಸಂಕಿರಣಕ್ಕೆ ಬಂದವರ ಪ್ರಮಾಣಪತ್ರಗಳಿಗೆ ಶಿಕ್ಕಾ ಒತ್ತುವ ಕೆಲಸ. ಅದಕ್ಕಾಗಿ ಅವತ್ತು ನನಗೆ ಖಾನೆಯಿಂದ ಬಿಡುಗಡೆ. ಬಂದವರಿಗೂ ಪತ್ರ, ಬಾರದವರಿಗೂ ಪತ್ರ. ಊಟಕ್ಕೆ ಮಾತ್ರ ಬಂದವರಿಗೂ 'ಸಕ್ರಿಯವಾಗಿ ಭಾಗವಹಿಸಿದ್ದಾರೆ' ಎಂದು ನಾನು ಸಾಕ್ಷಿ ಹೇಳಿದೆ. ಮೇಡಂ ಅವರ ಅಂಗೈ ತಣ್ಣಗಿತ್ತು.

ವೇದಿಕೆಯ ಮೇಲೆ ಸಾಹೇಬರಿಗೆ ಹಾರ ಹಾಕುವವರು ಸಾಲಾಗಿ ಹತ್ತುತ್ತಿದ್ದರು. ಆ ಸಾಲಿನಲ್ಲಿ ಹುಲಿಗೆಮ್ಮ ನಿಂತಳು. ಅವಳ ಕೈಯಲ್ಲಿ ಹಾರವಿರಲಿಲ್ಲ, ಅರ್ಜಿ ಇತ್ತು. ಮುಂದೆ ಮೈಕು ಇತ್ತು. ಅವಳು ಕೂಗಲಿಲ್ಲ, ಹೇಳಿದಳು ಅಷ್ಟೆ.

"ಸರ, ಇವತ್ತ ಸಂಜಿಗೆ ಕಡೀ ವೇಳ್ಯಾ ಐತ್ರಿ. ಒಂದು ಸಹಿ, ಒಂದು ಶಿಕ್ಕಾ ಕೊಡ್ರಿ. ಅದು ಸಿಗಲಿಲ್ಲಂದ್ರ ನಾ ನಾಳಿಂದ ಕಲ್ಲಿನ ಫ್ಯಾಕ್ಟರಿಗೆ ಹೋಗಾಕಿ."

ಸಾಹೇಬರು ನಕ್ಕರು. ಎಂಥ ನಗು ಅಂತೀರಿ, ಬೆಣ್ಣೆ ಸವರಿದ ಹಾಗೆ. ಮಕ್ಕಳ ಪ್ರೀತಿ ನೋಡಿರಿ ಎಂದು ಸಭೆಗೆ ಹೇಳಿ, ಶಿಕ್ಕಾ ತರಿಸಿದರು. ಜವಾನ ನನ್ನನ್ನು ತಟ್ಟೆಯಲ್ಲಿಟ್ಟು ಮೇಲೆ ಒಯ್ದ. ಸಾಹೇಬರು ಪೆನ್ನು ತೆಗೆದು ಏನೋ ಬರೆದರು, ಸಹಿ ಮಾಡಿದರು, ಎಲ್ಲರಿಗೂ ಕಾಣುವಂತೆ ನನ್ನನ್ನು ಎತ್ತಿ ಒತ್ತಿದರು. ಚಪ್ಪಾಳೆಯೋ ಚಪ್ಪಾಳೆ.

ನಾನು ಬಿದ್ದದ್ದು ಯಾವುದರ ಮೇಲೆ ಎಂದು ಬೀಳುವಾಗಲೇ ನನಗೆ ತಿಳಿಯಿತು. 'ಶಿಫಾರಸು ಮಾಡಲಾಗುವುದಿಲ್ಲ.' ಅದರ ಮೇಲೆಯೇ ನನ್ನನ್ನು ಕುಕ್ಕಿದ್ದರು.

ಥೂ! ಆ ಕ್ಷಣ ನನ್ನ ರಬ್ಬರು ಕರಗಿ ಹೋಗಬಾರದಿತ್ತೇ!

ಹುಲಿಗೆಮ್ಮ ಮೆಟ್ಟಿಲಿಳಿಯುತ್ತಲೇ ಓದಿದಳು. ಅಳಲಿಲ್ಲ. ಜವಾನ ನನ್ನನ್ನು ಬಾಗಿಲ ಮೇಜಿಗೆ ವಾಪಸು ತಂದಿಡುವ ಹೊತ್ತಿಗೆ ಅವಳೂ ಅಲ್ಲಿಗೆ ಬಂದು, ಆ ಪುಟವನ್ನು ಮೆಹರುನ್ನೀಸಾ ಅವರ ಮುಂದೆ ಇಟ್ಟಳು. ಮೇಡಂ ಓದಿದರು. ಅವರ ಕುತ್ತಿಗೆ ಕೆಂಪಾಯಿತು. ಆಮೇಲೆ ಪುಟದ ತಲೆಯಲ್ಲಿನ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಓದಿದ್ದೀಯೇನು ಎಂದು ಕೇಳಿದರು. ಅರ್ಜಿದಾರರಿಗೆ ಪಾಠ ಹೇಳಿದ ಯಾವ ಅಧ್ಯಾಪಕರಾದರೂ ಶಿಫಾರಸು ಮಾಡಬಹುದು, ಇದು ಆ ಸಾಲು. ಮುಖ್ಯಸ್ಥರೇ ಆಗಬೇಕೆಂದಿಲ್ಲ.

"ಓದೀನ್ರಿ ಮೇಡಂ," ಅಂದಳು ಹುಲಿಗೆಮ್ಮ. "ಆದ್ರ ಶಿಕ್ಕಾ ಇಲ್ಲದ ಕಾಗದಾ ಯಾರು ನಂಬ್ತಾರ್ರಿ?"

ನಮ್ಮ ಕಡೆಯ ಮಕ್ಕಳ ಬುದ್ಧಿಯೇ ಇಷ್ಟು. ರೇಷನ್ ಕಾರ್ಡಿನಿಂದ ಹಿಡಿದು ಸಾವಿನ ದಾಖಲೆಯವರೆಗೆ ಎಲ್ಲೆಲ್ಲೂ ನನ್ನ ಬಳಗದವರನ್ನು ನೋಡಿ ನೋಡಿ, ಕಣ್ಣಾರೆ ಓದಿದ್ದನ್ನೂ ನಂಬುವುದಿಲ್ಲ. ಶಿಕ್ಕಾ ಇಲ್ಲದೆಯೂ ನಡೆಯುತ್ತದೆ ಎಂದು ವಿಭಾಗದಲ್ಲಿ ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಇಷ್ಟು ದಿನ ಅವಳು ಅಲೆದದ್ದು, ಭಕ್ತಿ ಸಾಲದ ಲೇಖನ ಬರೆದದ್ದು, ಎಲ್ಲ ನನಗಾಗಿ. ನಾನು ಬೇಕೇ ಇರಲಿಲ್ಲ.

ಹುಲಿಗೆಮ್ಮನ ಚೀಲದಲ್ಲಿ ಖಾಲಿ ಅರ್ಜಿಯ ಇನ್ನೊಂದು ಪ್ರತಿ ಇತ್ತು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ತಂದದ್ದು. ಮೇಡಂ ವೇದಿಕೆಯ ಕಡೆ ಒಮ್ಮೆ ನೋಡಿದರು. ಬರೆಯತೊಡಗಿದರು. ಕೆರೆಯ ಕಲ್ಲುಗಳ ಬಗ್ಗೆ, ಆ ಅಕ್ಷರಗಳ ಬಗ್ಗೆ, ಅವನ್ನು ಓದಿದ ಹುಡುಗಿಯ ಬಗ್ಗೆ. ಪುಟ ತುಂಬಿತು, ಸಹಿ ಬಿತ್ತು. ಹುಲಿಗೆಮ್ಮ ನನ್ನತ್ತ ನೋಡಿದಳು. ಯಾರೂ ನೋಡುತ್ತಿಲ್ಲ, ಶಿಕ್ಕಾ ನಿಮ್ಮ ಮುಂದೆಯೇ ಇದೆ, ಒಂದು ಸಲ ಒತ್ತಿಬಿಡಿ ಎಂದು ಮೆಲ್ಲಗೆ ಬೇಡಿದಳು.

ಮೇಡಂ ನನ್ನನ್ನು ಎತ್ತಿ ಆಚೆಗಿಟ್ಟರು.

"ಬ್ಯಾಡವಾ. ಇದು ಅವರ ಶಿಕ್ಕಾ. ನಿನಗ ಪಾಠಾ ಹೇಳಿದಾಕಿ ನಾನು. ಅಷ್ಟ ಸಾಕು, ಹೋಗು."

ಹುಲಿಗೆಮ್ಮ ಓಡಿದಳು. ಕಂಪ್ಯೂಟರ್ ಅಂಗಡಿಗೆ ಹೋಗಿ ಹೊತ್ತು ಮೀರುವ ಮುಂಚೆ ಕಳಿಸಿದಳಂತೆ.

ವೇತನ ಬಂತು. ಬಂದೇ ಬಂತು! ಈಗ ಸಾಹೇಬರ ಆಟ ನೋಡಿ. ಪತ್ರಿಕೆಗಳಿಗೆ ಸುದ್ದಿ ಹೋಯಿತು, ಪ್ರೊ. ಬಳೂರಗಿಯವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿಯ ಸಾಧನೆ ಎಂದು. ಅದಕ್ಕೆ ಶಿಕ್ಕಾ ನನ್ನದೇ. ಅದೇ ವಾರ ಇನ್ನೊಂದು ಕಾಗದಕ್ಕೂ ನನ್ನನ್ನು ಒತ್ತಿದರು. ಮುಂದಿನ ಅವಧಿಗೆ ಅತಿಥಿ ಉಪನ್ಯಾಸಕಿ ಮೆಹರುನ್ನೀಸಾ ಅವರ ಸೇವೆ ಅಗತ್ಯವಿಲ್ಲ ಎಂಬ ಕಾಗದ. ಮೇಡಂ ಅದನ್ನು ಓದಿ, ಮಡಚಿ ಪರ್ಸಿಗೆ ಹಾಕಿಕೊಂಡು ಹೋದರು. ಈಗ ಮನೆಯಲ್ಲಿ ಟ್ಯೂಷನ್ ಹೇಳುತ್ತಾರಂತೆ. ಶಾಸನವಲ್ಲ, ನಾಲ್ಕನೇ ಇಯತ್ತೆಯ ಗಣಿತ.

ಆಮೇಲೆ ಎಷ್ಟೋ ಕೈ ಬದಲಾದವು. ನನ್ನ ಅಂಚು ಸವೆಯಿತು, 'ಮುಖ್ಯಸ್ಥರು' ಎಂಬುದರ ತಲೆಯೇ ಹಾರಿಹೋಯಿತು. ತಾನೇ ಶಾಯಿ ಹಚ್ಚಿಕೊಳ್ಳುವ ಪ್ಲಾಸ್ಟಿಕ್ ಶಿಕ್ಕಾ ಬಂದ ಮೇಲೆ ನನ್ನನ್ನು ಒಣಗಿದ ಶಾಯಿಪೆಟ್ಟಿಗೆಗಳ ಜೊತೆ ಒಂದು ತಗಡಿನ ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟರು. ಇಲ್ಲಿ ಧೂಳಿದೆ, ಜೇಡ ಇದೆ, ಬೇಕಾದಷ್ಟು ಹೊತ್ತಿದೆ. ಜೀವಮಾನದಲ್ಲಿ ನಾನು ಸಾಕ್ಷಿ ಹೇಳಿದ್ದರಲ್ಲಿ ಎಷ್ಟು ನಿಜ ಎಂದು ಯೋಚಿಸಿದರೆ ತಲೆ ತಗ್ಗುತ್ತದೆ. ಆ ಸಭಾಭವನದಲ್ಲಿ ನಾನು ಕಂಡ ಒಂದೇ ಒಂದು ಸತ್ಯವಾದ ಕಾಗದಕ್ಕೆ ನನ್ನ ಗುರುತಿರಲಿಲ್ಲ.

ಇತ್ತೀಚೆಗೆ ವಿಭಾಗಕ್ಕೆ ಮಕ್ಕಳು ಬರುತ್ತಿಲ್ಲವಂತೆ, ಮುಚ್ಚುತ್ತಾರಂತೆ. ಕಲಾ ವಿಷಯ ಯಾರಿಗೂ ಬೇಡವಾಗಿದೆ ಎಂದು ಒಳಗೆ ಮಾತಾಡಿಕೊಳ್ಳುತ್ತಾರೆ. ಬೇಡವಾಗಿದೆಯೇ? ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ನಿಲ್ಲಿಸಿ ಓಡಿಸಿದವರು ಯಾರು? ಆ ಪ್ರಶ್ನೆಗೆ ಯಾರಾದರೂ ಉತ್ತರ ಬರೆದರೆ, ಸವೆದ ಈ ಮೈಯಿಂದಲೇ ಕೆಳಗೆ ಬಿದ್ದು ಶಿಕ್ಕಾ ಒತ್ತುತ್ತೇನೆ.

ಇವತ್ತು ಬೆಳಿಗ್ಗೆ ವರಾಂಡದಲ್ಲಿ ಹೊಸ ಹುಡುಗಿಯೊಬ್ಬಳ ದನಿ ಕೇಳಿಸಿತು, ಅರ್ಜಿಗೆ ಶಿಕ್ಕಾ ಬೇಕು, ಸಾಹೇಬರು ಯಾವಾಗ ಬರುತ್ತಾರೆಂದು ಜವಾನನನ್ನು ಕೇಳುತ್ತಿದ್ದಳು. ಅವನು, "ನಾಳಿ ಬಾರವಾ," ಅಂದ.

ಅವಳು ಹೂಂ ಅಂದಳು.