ಹಚ್ಚಿಕೊಂಡವರು

ಮೈಸೂರು ಅಂತ ಗಟ್ಟಿಯಾಗಿ ಓದಿದ ಕಂಡಕ್ಟರು ಆಧಾರ್ ಕಾರ್ಡನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಕಾರ್ಡಿಗಿಂತ ಹೆಚ್ಚು ಹೊತ್ತು ಅವಳ ಮುಖವನ್ನೇ ನೋಡಿ, ಮೈಸೂರಿನವರು ಕಮಲಾಪುರಕ್ಕ ಏನ್ ಕೆಲಸ ತಗದೀರಿ ಮೇಡಂ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೆಂಗಸರ ಪುಕ್ಕಟೆ ಚೀಟಿ ಹರಿದು ಕೈಗಿಟ್ಟು ಮುಂದಿನ ಸೀಟಿಗೆ ಹೋಗಿಬಿಟ್ಟ — ಇದು ನನ್ನ ಊರು, ಹುಟ್ಟಿದ್ದು ಕಮಲಾಪುರ, ಓದಿದ್ದು ಕಲಬುರಗಿ ಎನ್ನುವ ಮಾತು ಪಂಚಶೀಲಾಳ ನಾಲಗೆಯ ತುದಿಯವರೆಗೆ ಬಂದು ಅಲ್ಲಿಯೇ ಒಣಗಿತು, ಯಾಕೆಂದರೆ ಅದು ಬಂದದ್ದು ನನ್ನೂರೇ ಕಣ್ರೀ ಎಂಬ ವೇಷ ತೊಟ್ಟು, ಕಣ್ರೀ ಎಂದು ಬಾಯಿ ಬಿಟ್ಟಿದ್ದರೆ ಕಾರ್ಡೇ ಬೇಕಿರಲಿಲ್ಲ, ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಪಕ್ಕದಲ್ಲಿ ಕೂತ ಮುದುಕಿ ಮಾತ್ರ ಆಗಲೇ ತಿರುಗಿದ್ದಳು, ಸೆರಗಿನ ತುದಿಯಿಂದ ಬೆವರು ಒರೆಸಿಕೊಳ್ಳುತ್ತ, ಯಾವೂರಾಕಿ ಯವ್ವಾ ನೀ, ಅಂದಳು, ಕಮಲಾಪುರ ಅಜ್ಜಿ, ಅಂದದ್ದಕ್ಕೆ, ಅಲ್ಲಿಗಿ ಹೊಂಟಿ ಅನ್ನೂದು ಗೊತ್ತಾತು, ನಿನ್ನ ಖರೇ ಊರು ಯಾವುದು — ಮೈಸೂರಿನ ಬಾಡಿಗೆ ಮನೆಯ ಓನರಮ್ಮನೂ ಹೀಗೆಯೇ ಕೇಳಿದ್ದಳು, ಮೈಸೂರು ಅಂದದ್ದಕ್ಕೆ, ಅದು ಸರಿ, ಸ್ವಂತ ಊರು ಯಾವುದು ಹೇಳಿ. ಎರಡೂ ಕಡೆ ಅವಳ ಒಂದು ಖರೇ ಊರು ಬೇರೆಲ್ಲೋ ಇದೆ, ಎರಡೂ ಕಡೆಯವರಿಗೆ ಅದು ಗೊತ್ತು, ಅವಳೊಬ್ಬಳಿಗೆ ಮಾತ್ರ ಅದರ ಬಸ್ಸು ಎಲ್ಲಿಂದ ಬಿಡುತ್ತದೆ ಎಂದು ತಿಳಿಯದು. ಬೆಳಿಗ್ಗೆ ಕಲಬುರಗಿ ಸ್ಟೇಷನ್ನಿನ ಹೊರಗೆ ಆಟೊದ ವಹಾಬ್ ಎಂಬವನು ಬ್ಯಾಗು ಇಸಿದುಕೊಂಡು, ನಮ್ಮ ಕಡಿ ಬಿಸಿಲು ನಿಮಗ ತಡಿಯಂಗಿಲ್ರೀ ಮೇಡಂ, ತಲಿಮ್ಯಾಲ ಏನರ ಹಾಕ್ಕೋರಿ, ಅಂತ ಅವಳದೇ ಬಿಸಿಲನ್ನು ಅವಳಿಗೆ ಪರಿಚಯ ಮಾಡಿಕೊಟ್ಟಿದ್ದ, ಸೇಡಂ ರಸ್ತೆಯ ಮನೆಯ ಬಾಗಿಲಲ್ಲಿ ತಮ್ಮ ಗೌತಮ, ಬಂತು ನೋಡ್ರಿ ನಮ್ಮ ಮೈಸೂರ್ ಪಾಕ್, ಅಂತ ಕೂಗಿದ್ದ, ಪ್ರೀತಿಯಿಂದಲೇ, ಪ್ರೀತಿಯಿಂದ ಇಟ್ಟ ಹೆಸರಿಗೆ ಸಿಟ್ಟಾಗುವಂತಿಲ್ಲ, ಅದೇ ಅದರ ತೊಂದರೆ. ಜೊತೆಗೆ ಬಾ ಅಂದರೆ, ಆ ಹಳ್ಳಿಗಿ ನಾ ಯಾಕ ಬರ್ಲಿ, ಅವ್ವಗ ಇಲ್ಲಿ ಬಂದಿರು ಅಂತ ಎಷ್ಟು ಸಲ ಹೇಳೀನಿ — ಕಲಬುರಗಿಗೆ ಬಂದು ಮನೆ ಮಾಡಿದ ಮೇಲೆ ಗೌತಮನಿಗೆ ಕಮಲಾಪುರ ಹಳ್ಳಿ.

ಎಲ್ಲರಿಗೂ ಕೆಳಗೆ ನೋಡಲು ಒಂದು ಊರು ಬೇಕು, ಮೈಸೂರಿಗೆ ಕಲಬುರಗಿಯೂ ಧಾರವಾಡವೂ ಒಂದೇ, ಎರಡೂ ಆ ಕಡೆ, ಮೈಸೂರಿನಲ್ಲಿ ಮನೆ ಸಿಗುವ ಮೊದಲು ಇದ್ದ ಹಾಸ್ಟೆಲಿನ ಧಾರವಾಡದ ಹುಡುಗಿ ಅದಕ್ಕೆ ಅಳುವುದೊಂದು ಬಾಕಿ, ನಾವು ಅವರಂಗಲ್ರೀ, ಅವರದು ಅರ್ಧ ಉರ್ದು, ನಮ್ಮದು ಶುದ್ಧ ಕನ್ನಡ, ಅಂತ ಪಂಚಶೀಲಾಳ ಕಡೆಗೇ ಬೆರಳು ಮಾಡಿ ತೋರಿಸಿ ಹೇಳಿದ್ದಳು. ನೌಕರಿಗೆ ಸೇರಿದ ಮೊದಲ ದಿನ ಮೈಸೂರಿನ ಅಂಚೆ ಕಚೇರಿಯಲ್ಲಿ ಮೇಲಿನವರು, ಗುಲ್ಬರ್ಗಾನಾ, ಅಯ್ಯೋ, ಏನಾದ್ರೂ ತಪ್ಪು ಮಾಡಿದವರನ್ನ ಅಲ್ಲಿಗೆ ಎತ್ತಿ ಹಾಕ್ತಾರಲ್ಲ, ಎಂದಿದ್ದರು, ಕೆಟ್ಟ ಮನಸ್ಸಿನವರಲ್ಲ, ಕಾಫಿ ತರಿಸಿಕೊಟ್ಟರು, ಅವಳು ಕಾಫಿ ಕುಡಿಯುತ್ತ ಯೋಚಿಸಿದಳು, ಅಲ್ಲಿಯೇ ಹುಟ್ಟಿದವರು ಹೊಟ್ಟೆಯೊಳಗಿದ್ದಾಗ ಏನು ತಪ್ಪು ಮಾಡಿರಬಹುದು ಅಂತ. ಆಮೇಲೆ ಅವಳು ಕೂತ ಆ ಕೌಂಟರು, ಆ ಗಾಜಿನ ಕಿಂಡಿ — ಕವರಿಗೆ ಸ್ಟ್ಯಾಂಪ್ ಹಚ್ಚಿ ಕೊಡ್ರಿ, ಅಂದಳು ಅಷ್ಟೇ, ಕಿಂಡಿಯ ಆಚೆಯ ಕನ್ನಡಕದವನು, ಬೆಂಕಿ ಪೆಟ್ಟಿಗೆ ನೀವೇ ಕೊಡ್ತೀರಾ ಮೇಡಂ, ಅಂದ, ಸಾಲಿಗೆ ಸಾಲೇ ನಕ್ಕಿತು, ಪಾಳಿ ಹಚ್ಚಿ ನಿಲ್ಲಿರಿ, ಅಂದದ್ದಕ್ಕೆ ಇನ್ನೂ ನಕ್ಕಿತು, ಹಚ್ಚೋದು ಬಿಟ್ಟು ಬೇರೇನೂ ಗೊತ್ತಿಲ್ವಾ ಇವರ ಕಡೆ, ಅಂತ ಹಿಂದಿನವಳು ಯಾರೋ. ಅಲ್ಲ, ಗೊತ್ತಿಲ್ಲ, ನಾವು ಫೋನು ಹಚ್ಚುತ್ತೇವೆ, ದೀಪ ಹಚ್ಚುತ್ತೇವೆ, ಮಕ್ಕಳನ್ನು ಶಾಲೆಗೆ ಹಚ್ಚುತ್ತೇವೆ, ಆಳುಗಳನ್ನು ಕೆಲಸಕ್ಕೆ ಹಚ್ಚುತ್ತೇವೆ, ಒಂದು ಮಾತಿಗೆ ಅಷ್ಟೆಲ್ಲ ದುಡಿಯಲು ಬರುತ್ತದೆ ನಮ್ಮಲ್ಲಿ — ಹೇಳಲಿಲ್ಲ, ನಗುವ ಸಾಲಿಗೆ ಅರ್ಥ ಹೇಳಿದರೆ ಅದೂ ನಗೆಯೇ. ಅಂಟಿಸಿ, ಕ್ಯೂನಲ್ಲಿ ಬನ್ನಿ, ಕೂತ್ಕೊಳ್ಳಿ, ಪರವಾಗಿಲ್ಲ. ಒಂದೊಂದೇ ಮಾತನ್ನು ಬಾಯಿಂದ ಕಿತ್ತು ಅಲ್ಲಿ ಇನ್ನೊಂದನ್ನು ನೆಟ್ಟಳು, ಹಲ್ಲು ಕಟ್ಟಿಸಿಕೊಂಡ ಹಾಗೆ, ನೋಡಿದವರಿಗೆ ಚೆಂದವೇ ಕಾಣುತ್ತದೆ, ಕಚ್ಚಿದರೆ ಮಾತ್ರ ರುಚಿ ಇಲ್ಲ. ಓನರಮ್ಮ ಬಾಗಿಲಲ್ಲಿ ನಿಂತು, ಆ ಕಡೆಯವರು ರೊಟ್ಟಿ ಬಡೀತೀರಂತಲ್ಲ, ಮಹಡಿ ಮನೆಯವರಿಗೆ ಸದ್ದಾಗುತ್ತೆ ಕಣಮ್ಮ, ಅದೊಂದು ಬೇಡ, ಅಂದು, ಗೋಡೆಯ ಮೇಲೆ ಅವಳು ಆಗಷ್ಟೇ ಮೊಳೆ ಹೊಡೆದು ನೇತುಹಾಕಿದ ನೀಲಿ ಕೋಟಿನ ಫೋಟೊ ನೋಡಿ, ಇನ್ನೊಂದು ಪ್ರಶ್ನೆ ಕೇಳಲು ತೆರೆದ ಬಾಯಿ ಮುಚ್ಚಿಕೊಂಡಿದ್ದಳು, ಆ ಪ್ರಶ್ನೆಗೆ ಉತ್ತರ ಗೋಡೆಯೇ ಹೇಳಿತ್ತು, ಮುಂದೆ ಎಲ್ಲದಕ್ಕೂ ಆ ಕಡೆಯವರು ಎಂಬ ಒಂದೇ ಮಾತು ಸಾಕಾಯಿತು, ನೀರು ಹೆಚ್ಚು ಬಳಸಿದರೆ ಆ ಕಡೆಯವರು, ಪಾತ್ರೆ ಮುಟ್ಟಿದರೆ ಆ ಕಡೆಯವರು. ರೊಟ್ಟಿ ಬಿಟ್ಟಳು. ಭಾನುವಾರಗಳಂದು ಬೆಳಗಿನಿಂದ ಕತ್ತಲೆಯವರೆಗೆ ಯಾರೊಡನೆಯೂ ಒಂದು ಮಾತಿಲ್ಲ, ಒಮ್ಮೆ ಸುಮ್ಮನೆ ಕನ್ನಡಿಯ ಮುಂದೆ ನಿಂತು, ಏನ್ ಮಾಡ್ಲಾಕತ್ತೀಯವ್ವಾ, ಅಂತ ಕೇಳಿಕೊಂಡರೆ ಯಾರೋ ಅಣಕಿಸಿದ ಹಾಗೆ ಕೇಳಿಸಿತು, ಅವತ್ತೇ ಹೆದರಿಕೆ ಹುಟ್ಟಿದ್ದು, ಹೋಗಬೇಕು, ಇದ್ದಷ್ಟು ಮಾತಾದರೂ ಉಳಿದಿರುವಾಗ ಊರಿಗೆ ಹೋಗಿ ಬೀಳಬೇಕು.

ಬಸ್ಸು ತೊಗರಿ ಕಟಾವಾದ ಬೋಳು ಹೊಲಗಳ ನಡುವೆ ಓಡುತ್ತಿದೆ, ಕರಿನೆಲ ಬಿಸಿಲಿಗೆ ಬಾಯಿ ಬಿಟ್ಟಿದೆ, ಮುದುಕಿ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಾಳೆ, ಖರೇ ಊರು ತಿಳಿಯದ ಹೆಗಲಾದರೂ ತಲೆ ಇಡಲು ಅಡ್ಡಿಯಿಲ್ಲ — ಹೋಗಬೇಕೆಂದರೆ ದಾರಿ ಒಂದೇ, ಕಮಲಾಪುರದ ಅಂಚೆ ಕಚೇರಿಯಲ್ಲಿ ಅವಳದೇ ಹುದ್ದೆಯಲ್ಲಿ ಮೈಸೂರು ಕಡೆಯ ಶಿವಮಾದು ಎಂಬವನಿದ್ದಾನೆ, ಅವಳ ಜಾಗಕ್ಕೆ ಅವನು, ಅವನ ಜಾಗಕ್ಕೆ ಅವಳು, ಇಬ್ಬರೂ ಒಪ್ಪಿದರೆ ಇಲಾಖೆ ಅದಲು ಬದಲು ಮಾಡಿಕೊಡುತ್ತದೆ, ಮ್ಯೂಚುವಲ್ ಅನ್ನುತ್ತಾರೆ. ಅವನು ಒಪ್ಪಿದ್ದ. ಬಂದ ಹೊಸದರಲ್ಲಿ ಫೋನಿನಲ್ಲಿ ಅಳುವುದೊಂದು ಬಾಕಿ, ಮೇಡಂ, ಈ ಬಿಸ್ಲು, ಈ ಖಾರ, ನಂಗಾಗಲ್ಲ, ಬೇಗ ನನ್ನ ಬಿಡಿಸ್ಕಳಿ. ಪಾಪ ಎನಿಸಿತ್ತು, ಪಾಪದ ಜೊತೆಗೆ ಒಂದು ಲೆಕ್ಕಾಚಾರವೂ ಬಂದಿತ್ತು, ಮನಸ್ಸು ತಿರುಗಬಾರದು, ಅವನನ್ನು ಚೆನ್ನಾಗಿ ನೋಡಿಕೊಳ್ಳಬೇಕು — ಕಮಲಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಅವ್ವ ಸಾಬಮ್ಮನ ಖಾನಾವಳಿ, ನೌಕರಿಯವರು ನಾಲ್ಕು ಮಂದಿ ಬಂದು ಉಣ್ಣುತ್ತಾರೆ, ಫೋನು ಹಚ್ಚಿ ಅವ್ವನಿಗೆ ಹೇಳಿದಳು, ಅಂಚೆ ಕಚೇರಿಯಲ್ಲಿ ಮೈಸೂರಿನವರೊಬ್ಬರು ಬಂದಿದ್ದಾರೆ, ಚಂದಾಗಿ ಊಟ ಹಾಕು, ಮನೆಯವರ ಹಾಗೆ ನೋಡು, ನಮಗೆ ಬೇಕಾದ ಮನುಷ್ಯ. ಅವ್ವ ಯಾವ ಮಾತನ್ನೂ ಅರ್ಧಕ್ಕೆ ಬಿಡುವವಳಲ್ಲ. ಮೊದಮೊದಲು ಫೋನಿನಲ್ಲಿ, ಅವಗ ಪುಂಡಿಪಲ್ಯ ಸೇರಂಗಿಲ್ಲಬೇ, ಹುಳಿ ಅಂತಾನ. ಆಮೇಲೆ, ಅವ ಇವತ್ತ ಎರಡು ರೊಟ್ಟಿ ಉಂಡ. ಆಮೇಲೆ, ಅವಗ ಜ್ವರ ಬಂದಿತ್ತು, ನಾನೇ ಗಂಜಿ ಒಯ್ದು ಕುಡಿಸಿ ಬಂದೀನಿ. ಯಾವಾಗ ಅವ ಎನ್ನುವುದು ನಮ್ಮ ಮಾದ ಆಯಿತೋ ಅವಳು ಗಮನಿಸಲಿಲ್ಲ, ಗಮನಿಸಿದಾಗ ಅವನು ಫೋನು ಎತ್ತುವುದನ್ನು ಬಿಟ್ಟಿದ್ದ. ಈ ತಿಂಗಳು ದಾಟಿದರೆ ಮೈಸೂರಿನ ಅವಳ ಕಚೇರಿ ವರ್ಗಾವಣೆಗೆ ಯಾರ ಹೆಸರನ್ನೂ ಮುಂದೆ ಕಳಿಸುವುದಿಲ್ಲ, ಆಮೇಲೆ ಯಾವಾಗ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಅದಕ್ಕೇ ಈ ಬಸ್ಸು.

ಕಮಲಾಪುರ, ಕಮಲಾಪುರ, ಯಾರ್ರಿ ಮೈಸೂರಿನವರು ಇಳಿರಿ — ಕಂಡಕ್ಟರು ಮರೆತಿಲ್ಲ. ಇಳಿದಳು, ಗಾಡಿಗಳ ಮೇಲೆ ಕೆಂಪು ಬಾಳೆಯ ಗೊನೆಗಳು, ನಮ್ಮಲ್ಲಿ ಬಾಳೆ ಕೆಂಪಗಿರುತ್ತದೆ ಎಂದದ್ದಕ್ಕೂ ಮೈಸೂರಿನಲ್ಲಿ ನಕ್ಕಿದ್ದರು, ನಿಮ್ಮ ಕಡೆ ಬಾಳೆಗೂ ಬಿಸಿಲು ಬಡಿದಿರಬೇಕು, ಅಂತ — ಖಾನಾವಳಿಯ ತಗಡಿನ ಬಾಗಿಲಿನ ಆಚೆ ದಪ್ ದಪ್ ದಪ್, ರೊಟ್ಟಿ ಬಡಿಯುವ ಅವ್ವನ ಕೈ, ಸದ್ದಿಗೆ ಯಾರೂ ಬಯ್ಯದ ಒಂದು ಮನೆ. ಒಳಗೆ ಗೋಡೆಗೆ ಒರಗಿ, ಲುಂಗಿ ಎತ್ತಿ ಕಟ್ಟಿ, ಶೇಂಗಾ ಹಿಂಡಿ ಚಟ್ನಿಪುಡಿಗೆ ಎಣ್ಣೆ ಕಲಸುತ್ತ ಕೂತ ಶಿವಮಾದು ತಲೆ ಎತ್ತಿ, ಬರ್ರಿ ಬರ್ರಿ ಅಕ್ಕಾರ, ಕುಂದ್ರಿ, ಯಾವಾಗ ಬಂದ್ರಿ, ಅಂದ. ಅವಳ ಬಾಯಿ, ಪರವಾಗಿಲ್ಲ, ನೀವು ಊಟ ಮಾಡಿ, ಆಮೇಲೆ ಮಾತಾಡೋಣ, ಅಂದಿತು. ಅವನದು ಕುಂದ್ರಿ, ಅವಳದು ಪರವಾಗಿಲ್ಲ, ಒಲೆಯ ಮುಂದಿದ್ದ ಅವ್ವ ಇಬ್ಬರನ್ನೂ ಒಮ್ಮೆ ನೋಡಿ ನಕ್ಕಳು, ಪಂಚಿ, ಇವ ನಮ್ಮ ಮಾತು ನಿನಗಿಂತ ಚಲೋ ಕಲ್ತಾನ ನೋಡು. ನಿಂತೇ ಕೇಳಿದಳು, ತಿಂಗಳು ಮುಗೀತಾ ಬಂತು, ನೀವು ಒಪ್ಪಿದ್ರಲ್ಲ. ಶಿವಮಾದು ಕೈ ತೊಳೆಯಲಿಲ್ಲ, ಎಣ್ಣೆಯ ಬೆರಳನ್ನೇ ನೋಡುತ್ತ, ಒಪ್ಪಿದ್ದೆ ಅಕ್ಕಾ, ಆಗ ಇನ್ನೂ ಊಟ ಸೇರ್ತಿರ್ಲಿಲ್ಲ, ಅಂದ. ಅವಳಿಗೆ ನಗು ಬಂತು, ಬರಬಾರದಿತ್ತು, ಅವನೂ ನಕ್ಕ, ನಂತರ ನಗು ನಿಂತು ಅವನ ಮಾತಿಗೆ ಅವನದೇ ನೆಲದ ಮಣ್ಣು ಹತ್ತಿತು, ನಾನು ಮೈಸೂರ್ನವ ಅಂತ ನಿಮ್ಗೆ ಯಾರು ಹೇಳುದ್ರು, ನಮ್ದು ಹನೂರು ಕಡೆ ಕಾಡು ಹಳ್ಳಿ, ಬತ್ತೀನಿ ಹೋಯ್ತೀನಿ ಅಂದ್ರೆ ಮೈಸೂರಾಗೆ ಎಲ್ರೂ ನನ್ನೇ ನೋಡೋರು, ಕಾಡ್ನವ ಬಂದ ಅನ್ನೋರು, ಮನೆ ಕೇಳುಕ್ಕೋದ್ರೆ ನೀವ್ ಯಾವ ಜನ ಅಂತ ಕೇಳೋರು. ಇಲ್ಲಿ ಬಾಯ್ ಬುಟ್ರೆ ಸಾಕು, ಅಚ್ಚ ಕನ್ನಡ ಅಂತಾರೆ, ಸೂಗಪ್ಪ ಮಾಸ್ತರ್ರು ನನ್ನ ಶಾಲೆಗೆ ಕರ್ಕೋಗಿ ಮಕ್ಳ ಮುಂದೆ ನಿಲ್ಸಿ, ಶುದ್ಧ ಕನ್ನಡ ಹೆಂಗಿರ್ತದ ಕೇಳ್ರಿ, ಅಂದ್ರು, ನಂಗೆ ಅಳುನೇ ಬಂತು, ನನ್ ಮಾತ್ನ ಜೀವಮಾನದಲ್ಲಿ ಯಾರೂ ಹಂಗಂದಿರ್ಲಿಲ್ಲ. ಅಲ್ಲಿ ನಾನ್ ಯಾರೂ ಅಲ್ಲ, ಇಲ್ಲಿ ನಾನು ಮೈಸೂರು ಸಾಹೇಬ್ರು. ಹೋಗಲ್ಲ ಅಕ್ಕಾ, ನೀವು ಬಯ್ದ್ರೂ ಸರಿ. — ಬಯ್ಯಬೇಕೆಂದೇ ಬಂದಿದ್ದಳು, ರಾತ್ರಿಯಿಡೀ ರೈಲಿನಲ್ಲಿ ಬೈಗುಳವನ್ನು ಜೋಡಿಸಿಕೊಂಡು ಬಂದಿದ್ದಳು, ಈಗ ನೋಡಿದರೆ ಕಿಂಡಿಯ ಆಚೆ ಈಚೆ ಎರಡೂ ಕಡೆ ತಾನೇ ಕೂತ ಹಾಗಿದೆ, ಅವನು ಓಡಿಬಂದ ಊರಿಗೆ ಅವಳು ಅವನನ್ನು ದಬ್ಬಬೇಕು, ದಬ್ಬದಿದ್ದರೆ ತಾನು ಅಲ್ಲಿಯೇ ಇರಬೇಕು, ನಡುವೆ ಮೂರನೆಯ ದಾರಿ ಇಲ್ಲ, ಮತ್ತು ಅವನ ಹೊಟ್ಟೆಗೆ ಊರನ್ನು ತುತ್ತು ತುತ್ತಾಗಿ ಉಣಿಸಿ ಉಳಿಸಿಕೊಂಡದ್ದು ಬೇರೆ ಯಾರೂ ಅಲ್ಲ, ಅವ್ವನಿಗೆ ಫೋನು ಹಚ್ಚಿದ ತಾನೇ.

ನೀ ಹೇಳವ್ವ, ನೀ ಹೇಳಿದ್ರ ಕೇಳ್ತಾನ — ಬಂತು, ಎಷ್ಟೋ ದಿನಕ್ಕೆ ಸರಿಯಾದ ಮಾತು ಅವಳ ಬಾಯಿಗೆ ಬಂತು, ಆದರೆ ಮೆಲ್ಲಗೆ ಬಂತು, ಒಲೆಯ ಉರಿಯ ಸದ್ದಿನಲ್ಲಿ ಮುಳುಗಿತು, ಅಥವಾ ಸಾಬಮ್ಮ ಕೇಳಿಯೂ ಹೆಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು. ಯಾಕ ಅವಗ ಕಾಡ್ತಿ ಬಿಡು ಪಂಚಿ, ಅಂದಳು, ಭಾಳ ಹಚ್ಚಿಕೊಂಡಾನ, ನಾನೂ ಹಚ್ಚಿಕೊಂಡೀನಿ, ಮುಂಜಾನಿ ಎದ್ದು ಅವ್ವಾ ಅಂತ ಒದರ್ತಾನ, ಹೋದ್ರ ಮನಿ ಬಿಕೋ ಅಂತದ. ನಾನೂ ಅವ್ವಾ ಅಂತೀನಲ್ಲ, ಅಂದಳು ಪಂಚಶೀಲಾ. ನೀ ಅಮ್ಮಾ ಅಂತಿ, ಅಂದಳು ಅವ್ವ, ಸಿಟ್ಟಿಲ್ಲ, ಆಕ್ಷೇಪಣೆಯೂ ಇಲ್ಲ, ಉಪ್ಪು ಸಾಕು ಎಂದ ಹಾಗೆ, ಫೋನ್‌ನಾಗ ಅಮ್ಮಾ ಅಂತಿ, ನಿನಗ ಗೊತ್ತಾಗಂಗಿಲ್ಲ. ಚಲೋನೇ ಆತು ಬಿಡು, ದೊಡ್ಡ ಊರಾಗ ಇದ್ದಿ, ನನ್ನ ಮಗಳು ಮೈಸೂರಾಗ ಆಫೀಸರ್ ಅದಾಳ ಅಂತ ಇಡೀ ಓಣಿಗಿ ಹೇಳೀನಿ, ಈಗ ನೀ ಗಂಟು ಕಟ್ಟಿಕೊಂಡು ಇಲ್ಲಿಗಿ ಬಂದ್ರ ಮಂದಿ ಏನಂತಾರ, ಏನೋ ತಪ್ಪು ಮಾಡ್ಯಾಳ, ಅದಕ್ಕ ಇಲ್ಲಿಗಿ ಒಗದಾರ ಅಂತಾರ. — ಕಚೇರಿಯ ಮೇಲಿನವರ ಕಾಫಿ, ಅದೇ ಮಾತು, ಅಲ್ಲಿಂದ ಇಲ್ಲಿಯವರೆಗೆ ನಡೆದುಕೊಂಡು ಬಂದು ಅವ್ವನ ಒಲೆಯ ಮುಂದೆ ಕೂತಿದೆ, ಅವ್ವ, ನೀನೂ, ನಿನ್ನ ಊರು ನಿನಗೂ ಶಿಕ್ಷೆಯೇನು, ಹಾಗಾದರೆ ನೀನು ಯಾವ ತಪ್ಪಿಗೆ — ಕೇಳಬೇಕು, ಯಾವ ಕನ್ನಡದಲ್ಲಿ ಕೇಳಬೇಕು, ಯಾವುದರಲ್ಲಿ ಕೇಳಿದರೂ ಅದು ಬೈಗುಳವೇ ಆಗುತ್ತದೆ. ಶಿವಮಾದುವಿನ ತಾಟಿಗೆ ಅವ್ವ ಹೆಂಚಿನಿಂದ ಎತ್ತಿದ ರೊಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಹಾಕಿದಳು, ಅವನು ಬಿಸಿ ಬಿಸಿ ಎಂದು ಬೆರಳು ಊದಿಕೊಂಡ, ಒಂದು ಆಯಿತು, ಇನ್ನೊಂದು ಬಿತ್ತು, ಪುಂಡಿಪಲ್ಯ ಬಿತ್ತು, ನೀನೂ ಕುಂದ್ರು ಬಾ, ಹಸದು ಬಂದಿ, ಅಂತ ಅವ್ವ ಅವಳಿಗೂ ತಾಟು ಇಟ್ಟಳು, ಕುಂತಳು, ಎರಡೂ ಕೈ ತೊಡೆಯ ಮೇಲೆ, ಕಾಯುತ್ತ, ರೊಟ್ಟಿಯ ಬುಟ್ಟಿ ಅವಳ ಮುಂದಿನಿಂದಲೇ ದಾಟಿ ಒಳಕ್ಕೆ ಹೋಯಿತು, ಒಳಗಿನಿಂದ ಅವ್ವನ ದನಿ, ಸಂಭ್ರಮದ್ದೇ ದನಿ, ನಿನಗಂತ ಅನ್ನ ಮಾಡೀನಿ ಪಂಚಿ, ರೊಟ್ಟಿ ನಿನಗೀಗ ಜಡ ಆಗ್ತದ, ನಿಮ್ಮ ಕಡಿಯವರಿಗಿ ಅನ್ನನೇ ಆಗ್ಬೇಕಲ್ಲ — ನಿಮ್ಮ ಕಡಿಯವರಿಗಿ, ಅವ್ವ ಅಂದದ್ದು ಹೌದೇ, ಅಂದಳು, ಎಷ್ಟು ಸಲೀಸಾಗಿ ಅಂದಳು, ರೊಟ್ಟಿ ಹಾಕವ್ವ ನನಗ ಎನ್ನಬೇಕು, ಈಗಲೇ ಎನ್ನಬೇಕು, ಬಾಯಿ ತೆರೆಯಿತು, ಪರವಾಗಿಲ್ಲಮ್ಮ ಅಂದಿತು, ಅವ್ವ ಬಂದು ಬಾಗಿ ಬಟ್ಟಲನ್ನು ತಾಟಿನ ನಡುವೆ ಬೋರಲು ಹಾಕಿ, ಮೇಲಿಂದ ಎರಡು ಸಲ ತಟ್ಟಿ, ಜೋಪಾನವಾಗಿ ಬಟ್ಟಲು ಎತ್ತಿದಳು, ಹೊರಗಿನ ಊರಿನ ಗಿರಾಕಿಗಳಿಗೆ ಹಾಕುವ ಹಾಗೆ, ಅನ್ನ, ದುಂಡಗೆ, ಬಟ್ಟಲಿನ ಆಕಾರದಲ್ಲೇ ನಿಂತ ಅನ್ನ, ಒಂದು ಅಗುಳೂ ಆಚೆ ಈಚೆ ಇಲ್ಲ, ಹಬೆಯಾಡುತ್ತಿದೆ, ಅನ್ನ, ಬೆಳ್ಳಗೆ, ಬೋರಲು ಹಾಕಿದ ಬಟ್ಟಲಿನ ಹಾಗೆ, ಬೆಳ್ಳಗೆ