ಹನ್ನೊಂದನೆಯ ಟೇಕು

ಮತ್ತೆ ಸದ್ದು ಅಳೆಯುವ ಮೀಟರಿನ ಮುಳ್ಳು ಹಾರಿತು, ಕೆಂಪು ಗೆರೆಗೆ ತಲೆ ಬಡಿದುಕೊಂಡು ಬಿತ್ತು, ಮುಂದಿನ ಸ್ವರಕ್ಕೆ ಸುಮ್ಮನೆ ಅಲುಗಿತು, ಅದರ ಮುಂದಿನದಕ್ಕೆ ಮತ್ತೆ ಹಾರಿತು — ಕೇಳಿಸ್ಕೊಳ್ಳಿ ಮಾಸ್ತರೇ, ನೀವೇ ಕೇಳಿಸ್ಕೊಳ್ಳಿ, ಅಂದ ರಾಮಸ್ವಾಮಿ, ಟೇಪಿನ ಚಕ್ರ ನಿಲ್ಲಿಸಿ, ಹತ್ತು ಟೇಕು ಹಾಳಾಯ್ತು, ನಿಮ್ಮ ಬೇಸ್ ಗಿಟಾರು ಒಂದ್ಸಲ ಗುಮ್ ಅಂತ ಗುದ್ದುತ್ತೆ, ಇನ್ನೊಂದ್ಸಲ ಎಲ್ಲಿ ಹೋಯ್ತು ಅಂತ ಹುಡುಕ್ಬೇಕು. ಕೇಳಲೆಂದು ಯಂತ್ರದ ಬಳಿ ಬಂದಿದ್ದ, ಬೇಸ್ ನುಡಿಸುವ ಷಣ್ಮುಖಪ್ಪ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ತರೀಕೆರೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು ಈ ರಾಮಸ್ವಾಮಿ, ಸ್ಪೂಲ್ ಯಂತ್ರ ಹೊತ್ತು ತಂದವನು, ವಾರದ ರಜೆ ನೋಡಿಕೊಂಡು ರೈಸ್ ಮಿಲ್ಲಿನ ಗೋಡೌನ್ ಹಿಡಿದವನು, ಸುತ್ತ ತೌಡಿನ ಮೂಟೆ ಇದ್ರೆ ಸದ್ದು ಗುಂಯ್ಗುಡಲ್ಲ ಕಣ್ರೀ ಎಂದವನು — ಪಾಪ, ಮಾಡದ ಉಪಾಯವಿಲ್ಲ, ತಂತಿ ಬದಲಾಯಿಸಿದ, ಸ್ಪೀಕರನ್ನು ನೆಲದಿಂದೆತ್ತಿ ಮೂಟೆಯ ಮೇಲಿಟ್ಟ, ತಂತಿಯ ಬುಡಕ್ಕೆ ಸ್ಪಂಜು ತುರುಕಿದ, ಮೈಕನ್ನು ಒಂದು ಗೇಣು ಹಿಂದೆ, ಅರ್ಧ ಗೇಣು ಮುಂದೆ, ಕೊನೆಗೆ ಡ್ರಮ್ ಬಾರಿಸುವ ಅಜ್ಜಂಪುರದ ಈರಪ್ಪನಿಗೂ ಬೈದ, ಲೇ, ಡ್ರಮ್ಮಿನ ಪೆಡಲ್ ತುಳಿಯೋ ನಿನ್ ಕಾಲಿನ ಏಟು ಅವರ ಸ್ವರದ್ ಮೇಲೆ ಬೀಳ್ತೈತೆ ಕಣೋ, ಈರಪ್ಪ ಪೆಚ್ಚಾಗಿ ತನ್ನ ಕಾಲನ್ನೇ ನೋಡಿಕೊಂಡ — ಆಗಲೂ ಷಣ್ಮುಖಪ್ಪ ಬಾಯಿ ಬಿಡಲಿಲ್ಲ, ಥೂ, ಎಂಥ ಹೇಡಿ. ತಂತಿಯಲ್ಲ, ಮೈಕಲ್ಲ, ಈರಪ್ಪನ ಕಾಲಂತೂ ಅಲ್ಲವೇ ಅಲ್ಲ, ತೋರುಬೆರಳು ಮೀಟಿದರೆ ಮುಳ್ಳು ಅಲುಗುತ್ತದೆ, ನಡುಬೆರಳು ಮೀಟಿದರೆ ಹಾರುತ್ತದೆ, ತಂತಿ ಸಿಕ್ಕಿತೋ ಇಲ್ಲವೋ ಎಂಬುದೇ ಆ ಬೆರಳಿಗೆ ತಿಳಿಯುತ್ತಿಲ್ಲ, ಇದನ್ನು ಬಲ್ಲವನು ಈ ಗೋಡೌನಿನಲ್ಲಿ ಅವನೊಬ್ಬನೇ.

ಕಡೂರಿನಲ್ಲಿ ಟೈಪಿಂಗ್ ಕಲಿಸುವ ಮಾಸ್ತರಿಕೆ ಅವನದು, ಮೊದಲು ಗೊತ್ತಾದದ್ದೂ ಅಲ್ಲೇ, ಮಾದರಿಗೆಂದು ಹೊಡೆದ ಹಾಳೆಯಲ್ಲಿ ಬಲಗೈಯ ನಡುಬೆರಳು ಹೊಡೆಯುವ ಇಂಗ್ಲಿಷಿನ ಕೆ ಅಕ್ಷರ ಕಾಗದ ತೂತು ಮಾಡಿತ್ತು, ಕಡೂರು ಎಂದು ಹೊಡೆದಲ್ಲೆಲ್ಲ ಒಂದು ತೂತು, ಮಿಷಿನ್ ಕೆಟ್ಟಿದ್ಯಾ ಸಾರ್ ಅಂದಳು ಒಬ್ಬಳು, ಹೂಂ ಕಣಮ್ಮ ಎಂದುಬಿಟ್ಟ. ಆಮೇಲೆ ಮುಂಗೈ ಮೇಲೆ ಆ ಮಾಸಲು ಮಚ್ಚೆ — ಬಿಸಿಲಿಗೆ ಬಂದದ್ದು, ಅಲ್ಲ, ಹುಳುಕಡ್ಡಿ, ಅಲ್ಲ — ಆವತ್ತಿನಿಂದ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ಡಾಕ್ಟರು ಮೇಜಿನಿಂದ ಗುಂಡುಸೂಜಿ ಎತ್ತಿಕೊಂಡು, ಕಣ್ಣು ಮುಚ್ಚಿ, ಚುಚ್ಚಿದಾಗ ಹೇಳಿ ಅಂದರು, ಅವನು ಮುಚ್ಚಲಿಲ್ಲ, ಬಸ್ಸಿಗೆ ಹೊತ್ತಾಯ್ತು ಸಾರ್ ಎಂದು ಎದ್ದ, ಇದಕ್ಕೀಗ ಮಾತ್ರೆ ಇದೆ ಕಣ್ರೀ, ವಾಸಿಯಾಗುತ್ತೆ, ಓಡ್ಬೇಡಿ, ಓಡಿದ. ಕುಷ್ಠ. ಯಗಟಿಯಲ್ಲಿ ಅವನು ಚಿಕ್ಕವನಾಗಿದ್ದಾಗ ದೊಡ್ಡ ರೋಗ ಅನ್ನುತ್ತಿದ್ದರು, ಸಣ್ಣಬೀರಪ್ಪನಿಗೆ ಬಂದಾಗ ಊರಾಚೆ ಗುಡಿಸಲು ಹಾಕಿಕೊಟ್ಟರು, ಹೆಂಡತಿ ಮುದ್ದೆಯನ್ನು ಕಲ್ಲಿನ ಮೇಲಿಟ್ಟು ತಿರುಗಿ ನೋಡದೆ ಹೋಗುತ್ತಿದ್ದಳು — ಪಂಕಜಾಕ್ಷಿಯೂ ಹಾಗೆ ಇಟ್ಟು ಹೋಗುವಳೇ? ಅಗೋ, ಮೈಕಿನ ಮುಂದೆ ನಿಂತಿದ್ದಾಳೆ, ಅವನ ಕೈ ಹಿಡಿದು ಹದಿನಾಲ್ಕು ವರ್ಷ, ಅಷ್ಟೂ ವರ್ಷ ಕಂಡವರ ಮದುವೆಗಳಲ್ಲಿ ಹಾಡಿದವಳು, ಅಂತರಘಟ್ಟೆಯಮ್ಮನ ಮೇಲೆ ತಾನೇ ಕಟ್ಟಿದ ಹಾಡು, ಮೊದಲ ಕ್ಯಾಸೆಟ್ಟು, ಹತ್ತು ಸಲ ಹಾಡಿ ದನಿ ಒಡೆಯುತ್ತಿದೆ, ಬಿಸಿನೀರಿನ ಲೋಟ ಕೆಳಗಿಟ್ಟು, ಇನ್ನೊಂದೇ ಸಲ ರೀ ನನ್ ಕೈಲಾಗೋದು, ಅಂದಳು. ಗುಂಡುಸೂಜಿ, ಛೆ, ಈಗ್ಯಾಕೆ ಆ ಗುಂಡುಸೂಜಿ.

ಆ ಮೀಟರು ನನ್ ಕಡೆ ತಿರುಗ್ಸಿ ರಾಮಸ್ವಾಮಿ, ಎಂದ. ಯಾಕ್ ಮಾಸ್ತರೇ? ತಿರುಗ್ಸಿ ಅಂದ್ನಲ್ಲಾ. ಎರಡು ಮೀಟರಿನಲ್ಲಿ ಎಡಗಡೆಯದು ಬೇಸ್ ಗಿಟಾರಿಗೇ ಮೀಸಲು, ಈರಪ್ಪ ನಾಲ್ಕು ಎಣಿಸಿದ, ಚಕ್ರ ಸುತ್ತಿತು, ನಡುಬೆರಳು ಬಿತ್ತು, ಮುಳ್ಳು ಹಾರಿತು, ಜಾಸ್ತಿಯಾಯ್ತು, ಇಳಿಸು, ಈಗ ಕಮ್ಮಿ, ಒಂಚೂರು ಎಳಿ, ಹಾಂ, ಹಾಗೆ — ಬೆರಳಿಗೆ ತಿಳಿಯದ್ದನ್ನು ಕಣ್ಣು ಹೇಳುತ್ತಿದೆ, ಪಕ್ಕದವನ ಬೆರಳನ್ನು ಹಿಡಿದು ಮೀಟಿಸಿದಂತೆ ಮೀಟಿಸುತ್ತಿದ್ದಾನೆ, ಎರಡನೆಯ ಚರಣಕ್ಕೆ ಪಂಕಜಾಕ್ಷಿಯ ದನಿ ಮೇಲೇರಿತು, ಒಡೆಯಲಿಲ್ಲ, ಮುಳ್ಳು ಒಂದೇ ಕಡೆ ನಿಂತು ಸಣ್ಣಗೆ ನಡುಗುತ್ತಿತ್ತು, ಸ್ವರದ ಪಕ್ಕ ಸ್ವರ, ಒಂದೇ ತೂಕ, ಹಾಡು ಮುಗಿಯಿತು. ಬಂಗಾರ ಮಾಸ್ತರೇ, ಬಂಗಾರ, ಅಂತ ಕುಣಿದ ರಾಮಸ್ವಾಮಿ, ನೋಡ್ದ್ಯಾ ನನ್ ಕಾಲಲ್ಲ ಅಂದ ಈರಪ್ಪ, ಇಬ್ಬರೂ ಟೀ ಹೇಳಲು ಹೊರಗೆ ಹೋದರು. ಷಣ್ಮುಖಪ್ಪನಿಗೆ ಖುಷಿ ಬರಲಿಲ್ಲ, ಭಯ ಬಂತು, ಬರೀ ಭಯ, ಕಣ್ಣಿನ ಸಹಾಯವಿಲ್ಲದೆ ಆ ಬೆರಳು ಸತ್ತಂತೆಯೇ ಅಲ್ಲವೇ. ಪಂಕಜಾ ಬಾ ಇಲ್ಲಿ, ಸೆರಗಿಗೆ ಚುಚ್ಚಿರೋ ಗುಂಡುಸೂಜಿ ಕೊಡು, ಇಲ್ಲ, ನೀನೇ ಹಿಡ್ಕೊ — ಅಂಗಿಯ ತೋಳು ಮಡಿಚಿದ, ಮಚ್ಚೆ ತೋರಿಸಿದ, ಡಾಕ್ಟರು ಅಂದದ್ದೆಲ್ಲ ಹೇಳಿದ. ಈ ಬೆರಳಿಗೆ ಚುಚ್ಚು, ಎಂದ. ಹುಚ್ಚೇನ್ರೀ ನಿಮ್ಗೆ? ಚುಚ್ಚೇ, ನಾನ್ ಕಣ್ಣು ಮುಚ್ಚಿರ್ತೀನಿ. ಮುಚ್ಚಿದ, ತೌಡಿನ ವಾಸನೆ, ಹೊರಗೆ ಯಾವುದೋ ಬಸ್ಸಿನ ಹಾರನ್ನು, ಕಾದ, ಈಗ ನೋಯುತ್ತದೆ, ನೋಯಲಿ, ದೇವರೇ ಒಂಚೂರು ನೋಯಲಿ, ಕಾದ, ಯಾಕೆ ಹೆದರ್ತೀಯ, ಚುಚ್ಚೇ ಮಾರಾಯ್ತಿ ಎಂದ, ಪಂಕಜಾ, ಚುಚ್ಚು ಅಂದ್ನಲ್ಲ — ಆಗ್ಲೇ ಮೂರ್ ಸಲ ಚುಚ್ದೆ ಕಣ್ರೀ. ಕಣ್ಣು ಬಿಟ್ಟ. ಅವಳ ಎಡಗೈ ಅವನ ಕೈಯನ್ನು ಬಿಗಿಯಾಗಿ ಹಿಡಿದೇ ಇತ್ತು, ಬಿಟ್ಟಿರಲಿಲ್ಲ, ಬೆರಳ ತುದಿಯಲ್ಲಿ ಸೂಜಿ ನೆಟ್ಟಗೆ ನಿಂತಿತ್ತು, ಸೂಜಿ, ಅದರ ಬುಡದಲ್ಲಿ ಒಂದು ಹನಿ ಕೆಂಪು, ಸೂಜಿ —